ಲಾರಿಯ ಅಡಿಯ ಮಣೆ

ಬೆಳ್ಳಾರೆ ಪೇಟೆಯಲ್ಲಿ ತೀರ್ಥರಾಮ ಗೌಡರ ಲಾರಿಗೆ ಆನೆ ಎಂದೇ ಹೆಸರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಗಾಡಿ ಅದು. ಇಚಿಲಂಪಾಡಿಯವರೊಬ್ಬರ ಕೈಯಲ್ಲಿ ಕೆಲವು ವರ್ಷ ದುಡಿದು, ಐವತ್ತಾರರಲ್ಲಿ ಗೌಡರ ಅಂಗಳಕ್ಕೆ ಬಂದಿತ್ತು. ಮೂತಿ ಮೊಂಡು, ಚಕ್ರ ದೊಡ್ಡದು, ಬೆನ್ನು ಎತ್ತರ. ಬಸ್ಸಿನಲ್ಲಿ ಕೂತವರೂ ಅದನ್ನು ಕತ್ತೆತ್ತಿ ನೋಡಬೇಕು. ಆ ಎತ್ತರವನ್ನು ಹೊಗಳುವವರಿಗೆ ಪೇಟೆಯಲ್ಲಿ ಕೊರತೆ ಇರಲಿಲ್ಲ. ಹೊಗಳಿದವರಲ್ಲಿ ಒಬ್ಬನಾದರೂ ಅದಕ್ಕೆ ಕಲ್ಲು ಹೇರಿದವನಲ್ಲ.

ಹೇರುವವರು ತಿಮ್ಮಕ್ಕ, ದುಗ್ಗಮ್ಮ, ಬೀಫಾತುಮ್ಮ. ಗೌಡರ ಕೆಂಪುಕಲ್ಲಿನ ಕೋರೆಯಲ್ಲಿ ಗಂಡಸರು ಕಡಿದು ಕೊಟ್ಟ ಕಲ್ಲನ್ನು ತಲೆಯ ಮೇಲೆ ಹೊತ್ತು ಲಾರಿಗೆ ಮುಟ್ಟಿಸುವುದು ಈ ಮೂವರ ಕೆಲಸ. ಹೊರುವುದು ದೊಡ್ಡ ಮಾತಲ್ಲ. ಹಳೆ ಸೀರೆಯ ಸಿಂಬೆ ಸುತ್ತಿ ತಲೆಯ ಮೇಲಿಟ್ಟುಕೊಂಡರೆ ಕಲ್ಲು ಕೂತಲ್ಲೇ ಕೂರುತ್ತದೆ. ಬೆನ್ನು ನೆಟ್ಟಗಿದ್ದರೆ ಏರು ಹತ್ತಬಹುದು, ಮಾತಾಡಬಹುದು, ಗೌಡರನ್ನು ಬೈಯಲೂಬಹುದು. ಕಷ್ಟ ಇರುವುದು ಲಾರಿಯ ಹಿಂದೆ ಬಂದು ನಿಂತ ಮೇಲೆ. ಲಾರಿಯ ಹಲಗೆ ತಿಮ್ಮಕ್ಕನ ತಲೆಗಿಂತ ಒಂದು ಗೇಣು ಮೇಲೆ. ಆ ಒಂದು ಗೇಣಿಗಾಗಿ ಎರಡೂ ಕೈಯಲ್ಲಿ ಕಲ್ಲು ಹಿಡಿದು, ಉಸಿರು ಕಟ್ಟಿ, ತುದಿಗಾಲಲ್ಲಿ ನಿಂತು ಆಕಾಶಕ್ಕೆ ಎತ್ತಬೇಕು. ಆಗ ಮೇಲೆ ನಿಂತ ಡ್ರೈವರ್ ಜತ್ತಪ್ಪ ಎಳೆದುಕೊಳ್ಳುತ್ತಾನೆ. ಲೋಡಿಗೆ ನೂರಿಪ್ಪತ್ತು ಕಲ್ಲು, ದಿನಕ್ಕೆ ಮೂರು ಲೋಡು. ಕೋರೆಯ ಹೊಂಡದಿಂದ ಲಾರಿಯವರೆಗಿನ ಏರು ತೆಗೆದುಕೊಳ್ಳದ ಜೀವವನ್ನು ಆ ಒಂದು ಗೇಣು ತೆಗೆದುಕೊಳ್ಳುತ್ತಿತ್ತು.

ಐವತ್ತೆಂಟರ ಫೆಬ್ರವರಿಯ ಒಂದು ಮಂಗಳವಾರ ದುಗ್ಗಮ್ಮನ ಕಲ್ಲು ಆ ಗೇಣಿನ ನಡುವೆಯೇ ಜಾರಿ ಅವಳ ಹೆಗಲಿಗೆ ಬಿತ್ತು. ಮೂಳೆ ಮುರಿಯಲಿಲ್ಲ, ಕೈ ಎತ್ತಲಾಗದೆ ಮನೆಯಲ್ಲಿ ಕೂತಳು. ಮರುದಿನ ಗೌಡರು ಕೋರೆಗೆ ಬಂದರು. ದುಗ್ಗಮ್ಮ ಹೇಗಿದ್ದಾಳೆಂದು ಕೇಳಲಿಲ್ಲ.

"ಹೆಂಗಸರಿಂದ ಇದು ಆಗುದಿಲ್ಲ" ಎಂದರು. "ಈಶ್ವರಮಂಗಲದ ಆಚೆಯಿಂದ ಗಂಡಾಳುಗಳನ್ನು ಕರೆಸ್ತೇನೆ. ಒಳ್ಳೆ ಎತ್ತರದ ಜನ. ಬರುವ ಸೋಮವಾರದಿಂದ ನೀವು ಬರುದು ಬೇಡ."

ತಿಮ್ಮಕ್ಕನಿಗೆ ನಲವತ್ತಾರು ವರ್ಷ. ಕೋರೆ ಬಿಟ್ಟರೆ ಸುತ್ತಮುತ್ತ ಕೂಲಿ ಇದ್ದದ್ದು ಗೌಡರ ತೋಟದಲ್ಲಿ, ಇಲ್ಲವೆ ಗೌಡರ ನೆಂಟರ ತೋಟದಲ್ಲಿ. ಕೋರೆಯಿಂದ ಓಡಿಸಿದವರನ್ನು ತೋಟಕ್ಕೆ ಕರೆಯುವ ಜನ ಅವರಲ್ಲ. ಅವಳು ತಲೆಯ ಮೇಲಿದ್ದ ಕಲ್ಲನ್ನು ಇಳಿಸಿ ಬೆವರು ಒರೆಸಿಕೊಂಡಳು.

"ಧನಿಗಳೆ, ನಾವು ಗಿಡ್ಡ ಅಂತ ನಮ್ಮನ್ನು ಬಿಡಿಸುದು ಸರಿ. ಲಾರಿ ಎತ್ತರ ಅಂತ ಲಾರಿಯನ್ನು ಯಾಕೆ ತಗ್ಗಿಸ್ಲಿಕ್ಕಿಲ್ಲ?"

"ತಗ್ಗಿಸುದಾ?" ಗೌಡರಿಗೆ ನಗು ಬಂತು. "ನನ್ನ ಲಾರಿ ನಿನ್ನ ಎದುರು ತಗ್ಗಬೇಕಾ?"

ಗೌಡರಿಗೆ ಚುಚ್ಚಿದ್ದು ಆ ಶಬ್ದ. ಆ ಊರಲ್ಲಿ ತಗ್ಗುವುದೆಂದರೆ ಕೂಲಿಯವರು ಮಾಡುವ ಕೆಲಸ. ಅಂಗಳದ ಹೊರಗೆ ನಿಂತು ತಲೆ ತಗ್ಗಿಸಬೇಕು, ಧನಿಗಳ ಕಿವಿಗೆ ಬೀಳದ ಹಾಗೆ ಸ್ವರ ತಗ್ಗಿಸಬೇಕು. ಧನಿಗಳ ಕಡೆಯ ಯಾವ ವಸ್ತುವೂ, ಒಂದು ಕಬ್ಬಿಣದ ತುಂಡೂ, ಕೂಲಿಯವಳಿಗಾಗಿ ತಗ್ಗಿದ್ದನ್ನು ಯಾರೂ ಕಂಡಿರಲಿಲ್ಲ.

"ಆನೆ ಅಂತ ಹೆಸರಿಟ್ಟದ್ದು ನಾವಲ್ಲ" ಎಂದಳು ತಿಮ್ಮಕ್ಕ. "ಆನೆಯಾದ್ರೆ ಹೇರು ಹಾಕುವಾಗ ಮೊಣಕಾಲು ಊರ್ತದೆ. ಊರಿದ ಆನೆಯ ಮರ್ಯಾದೆ ಹೋಯ್ತು ಅಂತ ಯಾರಾದ್ರೂ ಹೇಳಿದ್ದುಂಟಾ?"

ಬೀಫಾತುಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಜತ್ತಪ್ಪ ಇಲ್ಲದ ಕೆಲಸ ಹುಡುಕಿಕೊಂಡು ಲಾರಿಯ ಮೂತಿಯ ಕಡೆಗೆ ಹೋದ.

ಗೌಡರ ನಗು ನಿಂತಿತು. "ಬಾಯಿ ಉದ್ದ ಉಂಟು ನಿಂದು. ಇಚಿಲಂಪಾಡಿಯಿಂದ ನನ್ನ ಅಡಿಕೆ ಮೂಟೆ ಹೊಳೆ ದಾಟಿ ಬರುದು ಈ ಎತ್ತರದಿಂದ, ಗೊತ್ತುಂಟಾ? ಮಳೆಗಾಲದಲ್ಲಿ ಅಲ್ಲಿ ಸೊಂಟದವರೆಗೆ ನೀರು. ಲಾರಿ ತಗ್ಗಿಸಿ, ಮೂಟೆ ನೀರಲ್ಲಿ ನೆನೆದು ಚಂಡಿಯಾದ್ರೆ ನೀನು ಬಂದು ಹಿಂಡ್ತೀಯಾ?"

ಹೊಳೆಯ ಮಾತಿಗೆ ತಿಮ್ಮಕ್ಕನ ಹತ್ತಿರ ಆಗ ಉತ್ತರ ಇರಲಿಲ್ಲ. ಸಿಂಬೆ ಮಾತ್ರ ಇತ್ತು. ಅದನ್ನು ತಲೆಯಿಂದ ತೆಗೆದು, ನೆಲಕ್ಕೆ ಹಾಕಿ, ಅದರ ಮೇಲೆ ಕೂತಳು. ಬೀಫಾತುಮ್ಮನೂ ಪಕ್ಕದಲ್ಲಿ ಕೂತಳು.

"ಲಾರಿ ಇಳಿಯುವವರೆಗೆ ಕಲ್ಲು ಏರುದಿಲ್ಲ ಧನಿಗಳೆ. ಸೋಮವಾರದವರೆಗೆ ನಿಮ್ಮ ಎತ್ತರದ ಜನವೂ ಇಲ್ಲ."

ಸುಳ್ಯದಲ್ಲಿ ಒಂದು ಕಟ್ಟಡದ ಗೋಡೆ ಅರ್ಧಕ್ಕೆ ನಿಂತು ಈ ಕಲ್ಲಿಗಾಗಿ ಕಾಯುತ್ತಿತ್ತು. ಸಾಗದ ಕಲ್ಲು ಹೊಂಡದೊಳಗೆ ತುಂಬಿ, ಕಡಿಯುವವರಿಗೆ ಪಿಕಾಸಿ ಬೀಸಲು ಜಾಗವಿಲ್ಲದೆ ಅವರೂ ಬೀಡಿ ಹಚ್ಚಿದರು. ಮಧ್ಯಾಹ್ನದವರೆಗೆ ಗೌಡರು ಕೊಡೆ ಹಿಡಿದು ಅತ್ತಿಂದಿತ್ತ ನಡೆದರು. ಕೊನೆಗೆ ಜತ್ತಪ್ಪನನ್ನು ಕರೆದರು. "ಎಂತಾದ್ರೂ ಮಾಡು ಮಾರಾಯ. ಈಗ ಇವಳು ಏಳಬೇಕು."

ಜತ್ತಪ್ಪ ಒಳ್ಳೆಯ ಡ್ರೈವರ್. ಒಳ್ಳೆಯ ಡ್ರೈವರಿಗೆ ತಾನು ಒಳ್ಳೆಯ ಮೆಕ್ಯಾನಿಕ್ಕೂ ಹೌದೆಂಬ ಭ್ರಮೆ ಇರುತ್ತದೆ. ಲಾರಿಯ ಹೊರೆ ತಡೆಯುವುದು ಒಂದರ ಮೇಲೊಂದು ಪೇರಿಸಿ ಕಟ್ಟಿದ ಉಕ್ಕಿನ ಪ್ಲೇಟುಗಳ ಸ್ಪ್ರಿಂಗು. ಅದರಲ್ಲಿ ನಾಲ್ಕು ಪ್ಲೇಟು ಕಳಚಿದರೆ ಲಾರಿ ಕೆಳಗೆ ಬರುತ್ತದೆ ಎಂದು ಅವನ ಲೆಕ್ಕ. ಆ ದಿನವೂ ಮರುದಿನವೂ ಲಾರಿಯ ಅಡಿಯಲ್ಲಿ ಮಲಗಿ ಕಳಚಿದ. ಖಾಲಿ ಲಾರಿ ಎರಡು ಬೆರಳು ಇಳಿಯಿತು. ಅಷ್ಟಾದರೂ ಆಯಿತಲ್ಲ ಎಂದು ತಿಮ್ಮಕ್ಕನೂ ಬೀಫಾತುಮ್ಮನೂ ಎದ್ದು ಶುಕ್ರವಾರದ ಲೋಡು ಹೇರಿದರು. ಅರವತ್ತು ಕಲ್ಲಿಗೆ ಲಾರಿ ನರಳಿತು. ನೂರಕ್ಕೆ ಬಸುರಿ ಎಮ್ಮೆಯ ಹಾಗೆ ಹಿಂದಕ್ಕೆ ಕುಸಿಯಿತು. ಬೆಳ್ಳಾರೆಯ ತಿರುವಿನಲ್ಲಿ ಟಯರು ಹಲಗೆಗೆ ಉಜ್ಜಿ, ರಬ್ಬರು ಸುಟ್ಟ ವಾಸನೆ ಪೇಟೆಯಿಡೀ ಹರಡಿತು.

ಲಾರಿ ಕೋರೆಗೆ ವಾಪಸು ಬಂದಾಗ ಗೌಡರಿಗೆ ಟಯರಿನ ಸಂಕಟಕ್ಕಿಂತ ಗೆದ್ದ ಖುಷಿಯೇ ಹೆಚ್ಚು. "ತಗ್ಗಿದ್ದು ಸಾಕಾ ತಿಮ್ಮಕ್ಕ? ಇನ್ನೂ ತಗ್ಗಬೇಕಾ?"

ಸುತ್ತ ನಿಂತವರು ನಕ್ಕರು. ತಿಮ್ಮಕ್ಕ ನಗಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಹೇರುವಾಗಿನಿಂದಲೂ ಅವಳು ಲಾರಿಯನ್ನೇ ನೋಡುತ್ತಿದ್ದಳು. "ಇದು ತುಂಬಿದ ಮೇಲೆ ತಗ್ಗಿದ್ದು. ತುಂಬಿದ ಮೇಲೆ ಇದು ಮುಗಿಲಿಗೆ ಮುಟ್ಟಿದ್ರೂ ನಮಗೆಂತ? ನಮಗೆ ಬೇಕಾದ್ದು ಖಾಲಿ ಇರುವಾಗ ತಗ್ಗುದು. ಜತ್ತಪ್ಪಣ್ಣ ಬಲ ತೆಗೆದ, ಎತ್ತರ ತೆಗೀಲಿಲ್ಲ."

ಜತ್ತಪ್ಪನಿಗೆ ಅವಮಾನವಾಯಿತು. ಆದರೆ ಮಾತು ಸರಿ ಎಂದು ಅವನಿಗೇ ಎಲ್ಲರಿಗಿಂತ ಮೊದಲು ಗೊತ್ತಾದದ್ದು. "ಧನಿಗಳೆ, ಹೇಗೂ ಪ್ಲೇಟು ವಾಪಸು ಕೂರಿಸ್ಲಿಕ್ಕೆ ಪುತ್ತೂರಿಗೆ ಹೋಗ್ಬೇಕು. ಚೆನ್ನಕೇಶವ ಆಚಾರಿಗೆ ಒಮ್ಮೆ ತೋರಿಸುವ" ಎಂದ. ಗೌಡರು ಗೊಣಗಿದರು. ಶನಿವಾರ ಬೆಳಿಗ್ಗೆ ಮುಂದಿನ ಸೀಟಿನಲ್ಲಿ ತಾವೂ ಕೂತರು. ತಿಮ್ಮಕ್ಕ ಕೇಳದೆ ಹಿಂದೆ ಹತ್ತಿದಳು. ಅವಳ ಕೈಯಲ್ಲಿ ಸಿಂಬೆ, ಕಾಲ ಬುಡದಲ್ಲಿ ಒಂದು ಕೆಂಪುಕಲ್ಲು.

ಚೆನ್ನಕೇಶವ ಆಚಾರಿ ಮೊದಲು ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಡಿಯುತ್ತಿದ್ದವನು. ಬಸ್ಸು ಬಂದ ಮೇಲೆ ಸ್ಪ್ರಿಂಗಿನ ಕೆಲಸ ಹಿಡಿದಿದ್ದ. ಲಾರಿಯ ಅಡಿಗೆ ಹೋದವನು ಒಳಗಿನಿಂದಲೇ ಕೂಗಿದ. "ಜತ್ತಪ್ಪ, ಈ ಪ್ಲೇಟು ತೆಗೆದ ಪುಣ್ಯಾತ್ಮ ಯಾರು ಮಾರಾಯ? ಕೈಗೆ ಸಿಕ್ಕಿದ್ರೆ ಹೇಳು, ಅವನ ಬೆನ್ನಿನಿಂದ ನಾಲ್ಕು ಎಲುಬು ತೆಗೀಲಿಕ್ಕೆ ಉಂಟು."

"ಅವ ಇಲ್ಲಿ ಇಲ್ಲ" ಎಂದ ಜತ್ತಪ್ಪ.

ಆಚಾರಿ ಹೊರಗೆ ಬಂದು ಕೈ ಒರೆಸಿಕೊಂಡ. "ತೆಗೆದ ಪ್ಲೇಟು ವಾಪಸು ಹಾಕುವ. ಎತ್ತರ ಇಳಿಸ್ಲಿಕ್ಕೆ ಅದನ್ನು ಮುಟ್ಟುದೇ ಬೇಡ. ಚಕ್ರದ ಅಚ್ಚಿಗೂ ಸ್ಪ್ರಿಂಗಿಗೂ ನಡುವೆ ಕಬ್ಬಿಣದ ಮಣೆ ಇಟ್ಟಿದ್ದಾರೆ, ನಾಲ್ಕು ಕಡೆಯೂ. ಮಿಲಿಟರಿಯವರದ್ದಲ್ಲ, ಆಮೇಲೆ ಹಾಕಿದ್ದು. ಇಚಿಲಂಪಾಡಿಯವರು ಹೊಳೆಗೆ ಅಂತ ಹಾಕಿಸಿರ್ಬೇಕು. ಲಾರಿಯನ್ನು ಮಣೆ ಮೇಲೆ ಕೂರಿಸಿ ಸನ್ಮಾನ ಮಾಡಿದ್ದು! ಅದನ್ನು ತೆಗೆದ್ರೆ ಲಾರಿ ಇಳೀತದೆ. ಬಲ ಇದ್ದಷ್ಟೇ ಇರ್ತದೆ. ಎಷ್ಟು ಇಳಿಸ್ಬೇಕು?"

"ಒಂದು ಗೇಣು" ಎಂದ ಜತ್ತಪ್ಪ, ತನ್ನ ದೊಡ್ಡ ಕೈ ಅಗಲಿಸಿ.

"ಹಾಗಾದ್ರೆ ಆಗ್ಲಿಕ್ಕಿಲ್ಲ. ಮಣೆ ಅಷ್ಟು ದಪ್ಪ ಇಲ್ಲ. ಎರಡು ಬೆರಳು ಕಮ್ಮಿ."

ಗೌಡರು ಎದ್ದೇಬಿಟ್ಟರು. "ಮತ್ತೆ ಮುಗಿಯಿತಲ್ಲ. ಪ್ಲೇಟು ಹಾಕಿ ಕೊಡಿ."

"ಆಚಾರ್ರೆ" ಎಂದಳು ತಿಮ್ಮಕ್ಕ. "ಗೇಣು ಹೇಳಿದ್ದು ನಾನು. ಜತ್ತಪ್ಪಣ್ಣನ ಕೈಯಲ್ಲಿ ಅಳೆದ್ರೆ ಹೇಗೆ? ಕಲ್ಲು ಹೊರುದು ಯಾರು?"

ಅವಳು ಬಗ್ಗಿ ಲಾರಿಯ ಅಡಿಗೆ ಕೈ ಚಾಚಿದಳು. ಹೆಬ್ಬೆರಳಿನಿಂದ ಕಿರುಬೆರಳಿಗೆ, ಕಲ್ಲಿನ ಅಂಚು ತಾಗಿ ತಾಗಿ ಉಗುರು ಸವೆದ ಆ ಗೇಣು ಮಣೆಯ ದಪ್ಪಕ್ಕೆ ಸರಿಯಾಗಿ ಕೂತಿತು. ಆಚಾರಿ ಅಷ್ಟಕ್ಕೆ ಬಿಡಲಿಲ್ಲ. ಅವಳ ತಲೆಗೆ ಕಲ್ಲು ಹೊರಿಸಿ, ಲಾರಿಯ ಹಿಂದೆ ನಿಲ್ಲಿಸಿ, ಕಲ್ಲಿನ ಅಡಿಯಿಂದ ಹಲಗೆಗೆ ಇಂಚುಪಟ್ಟಿ ಹಿಡಿದ, ಪ್ಲೇಟು ಹಾಕಿದರೆ ಏರುವ ಎರಡು ಬೆರಳನ್ನೂ ಲೆಕ್ಕಕ್ಕೆ ಸೇರಿಸಿಕೊಂಡ. ಪುತ್ತೂರಿನ ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಒಂದು ಲಾರಿಗೆ ಒಬ್ಬ ಹೆಂಗಸಿನ ಅಳತೆ ತೆಗೆಯುವುದನ್ನು ಅವರು ಎಲ್ಲಿ ಕಂಡದ್ದು?

"ಸರಿ ಉಂಟು" ಎಂದ ಆಚಾರಿ. "ಟಯರು ಬರುವಲ್ಲಿ ಹಲಗೆ ಕೊಯ್ದು, ಮೇಲೆ ಒಂದು ಪೆಟ್ಟಿಗೆ ಮುಚ್ಚಿದ್ರೆ ಟಯರು ಉಜ್ಜುದಿಲ್ಲ."

"ಮತ್ತೆ ಹೊಳೆ?" ಗೌಡರು ಕಡೆಯ ಕಲ್ಲನ್ನು ಎಸೆದರು. "ಮೂಟೆ?"

ಮೂರು ದಿನದಿಂದ ಆ ಹೊಳೆ ತಿಮ್ಮಕ್ಕನ ತಲೆಯಲ್ಲಿ ಹರಿಯುತ್ತಿತ್ತು. ಬುಧವಾರ ಉತ್ತರ ಸಿಕ್ಕದೆ ಕೂತವಳಿಗೆ ಈಗ ಕಲ್ಲು ತಲೆಯ ಮೇಲಿದ್ದಾಗಲೇ ಅದು ತೆರೆದುಕೊಂಡಿತು.

"ಧನಿಗಳೆ, ಹೊಳೆಯಲ್ಲಿ ಸೊಂಟಕ್ಕೆ ನೀರು ಬರುವಾಗ ನಮ್ಮ ಕೋರೆಯಲ್ಲಿ ಎಂತ ಇರ್ತದೆ?"

"ಎಂತ ಇರುದು? ನೀರೇ."

"ಮತ್ತೆ ಆಗ ಯಾರು ಕಲ್ಲು ಹೊರ್ತಾರೆ?"

ಕೋರೆಯ ಹೊಂಡ ಜೂನಿಗೆ ಕೆರೆಯಾಗುತ್ತದೆ, ದೀಪಾವಳಿ ಕಳೆದು ನೀರು ಬತ್ತುವವರೆಗೆ ಅಲ್ಲಿ ಪಿಕಾಸಿ ಬೀಳುವುದಿಲ್ಲ. ಹೊಳೆ ದಾಟಲು ಎತ್ತರ ಬೇಕಾದ ತಿಂಗಳಲ್ಲಿ ಕಲ್ಲಿಲ್ಲ, ಕಲ್ಲಿರುವ ತಿಂಗಳಲ್ಲಿ ಹೊಳೆಯ ನೀರು ಹಿಮ್ಮಡಿ ಮುಟ್ಟುವುದಿಲ್ಲ. ಎಷ್ಟೋ ವರ್ಷದಿಂದ ಇಡೀ ಊರು ಕಣ್ಣೆದುರೇ ಕಂಡ ಸಂಗತಿ. ಎತ್ತರದ ಮೇಲೆ ಕೂತವರಿಗೆ ಅದು ಬೇಕಾಗಿರಲಿಲ್ಲ, ಅಷ್ಟೇ.

"ಮಳೆಗೆ ಮಣೆ ಹಾಕುವ, ಬೇಸಿಗೆಗೆ ತೆಗೆಯುವ" ಎಂದ ಆಚಾರಿ. "ಉದ್ದದ ಬೋಲ್ಟು ಒಂದು ಜೊತೆ, ಗಿಡ್ಡದ್ದು ಒಂದು ಜೊತೆ ಮಾಡಿ ಕೊಡ್ತೇನೆ. ಅರ್ಧ ದಿನದ ಕೆಲಸ."

"ಆದ್ರೆ ಆಚೆಯ ಜನಕ್ಕೆ ನಾನು ಹೇಳಿ ಕಳಿಸಿ ಆಗಿದೆ" ಎಂದರು ಗೌಡರು. ಅವರ ಸ್ವರ ತಾನಾಗಿ ತಗ್ಗಿತ್ತು.

"ಎತ್ತರದ ಜನ ಅಂದ್ರಲ್ಲ?" ಆಚಾರಿ ನಕ್ಕ. "ಮಣೆ ತೆಗೆದ ಮೇಲೆ ಅವರು ಒಂದೊಂದು ಕಲ್ಲಿಗೂ ಸೊಂಟ ಬಗ್ಗಿಸ್ಬೇಕು ಗೌಡ್ರೆ. ಎರಡನೇ ಲೋಡಿಗೆ ಓಡಿ ಹೋಗ್ತಾರೆ."

"ಅವರು ಬಂದ್ರೆ ಬರಲಿ" ಎಂದಳು ತಿಮ್ಮಕ್ಕ. "ಕಡಿಯುವಲ್ಲಿ ಕೈ ಕಮ್ಮಿ ಉಂಟು. ಅವರಿಗೂ ಹೊಟ್ಟೆ ಉಂಟಲ್ಲ. ಹೊರುವ ಜಾಗ ಮಾತ್ರ ನಮ್ಮದು. ದುಗ್ಗಮ್ಮನದ್ದೂ ಸೇರಿ."

ಗೌಡರು ಲಾರಿಯನ್ನು ನೋಡಿದರು, ತಮ್ಮ ಕೊಡೆಯನ್ನು ನೋಡಿದರು, ರಸ್ತೆಯಲ್ಲಿ ನಿಂತ ಜನವನ್ನು ನೋಡಿದರು. "ತೆಗೀರಿ" ಎಂದರು. ಆಮೇಲೆ, ಅದು ತಮ್ಮದೇ ಯೋಚನೆ ಎಂಬ ಹಾಗೆ, "ಬೇಗ ತೆಗೀರಿ, ಸೋಮವಾರ ಲೋಡು ಹೋಗ್ಬೇಕು" ಎಂದರು.

ಸೋಮವಾರ ಆನೆ ಕೋರೆಗೆ ಬಂದಾಗ ಕಡಿಯುವವರು ಪಿಕಾಸಿ ಬಿಟ್ಟು ಮೇಲೆ ಬಂದರು. ದುಗ್ಗಮ್ಮ ಕೈಯನ್ನು ಕೊರಳಿಗೆ ಕಟ್ಟಿಕೊಂಡೇ ಬಂದು, ಹೊರಲಾಗದಿದ್ದರೂ ನೋಡಲೆಂದು ಮರದ ಬುಡದಲ್ಲಿ ಕೂತಳು. ಬೀಫಾತುಮ್ಮ ಮೊದಲ ಕಲ್ಲನ್ನು ತಿಮ್ಮಕ್ಕನ ತಲೆಗೆ ಹೊರಿಸಿದಳು.

ತಿಮ್ಮಕ್ಕ ಲಾರಿಯ ಹಿಂದೆ ಬಂದು ನಿಂತಳು. ಕಲ್ಲಿನ ಅಡಿ ಹಲಗೆಯ ಅಂಚಿಗೆ ತಾಗಿತು. ಕತ್ತು ಸ್ವಲ್ಪ ಮುಂದೆ ಮಾಡಿದಳು, ಅಷ್ಟೇ. ಕಲ್ಲು ಸಿಂಬೆಯಿಂದ ಹಲಗೆಗೆ ಜಾರಿತು. ಜತ್ತಪ್ಪ ಎಳೆದುಕೊಂಡ. ಆದರೆ ಅವಳ ಎರಡೂ ಕೈ, ಇಷ್ಟು ಕಾಲದ ಅಭ್ಯಾಸದಿಂದ, ತಾವಾಗಿಯೇ ಮೇಲೆ ಹೋಗಿದ್ದವು. ಎತ್ತಲು ಏನೂ ಇಲ್ಲದೆ ಗಾಳಿಯಲ್ಲಿ ನಿಂತವು.

"ಎಂತ ತಿಮ್ಮಕ್ಕ, ಕೈ ಎತ್ತಿ ಯಾರಿಗೆ ನಮಸ್ಕಾರ ಮಾಡುದು?" ಎಂದು ಹಿಂದಿನಿಂದ ಬೀಫಾತುಮ್ಮ ಕೂಗಿದಳು.

"ಯಾರಿಗೂ ಇಲ್ಲ ಮಾರಾಯ್ತಿ" ಎಂದಳು ತಿಮ್ಮಕ್ಕ, ಕೈ ಇಳಿಸಿ ಸಿಂಬೆ ಸರಿ ಮಾಡಿಕೊಳ್ಳುತ್ತ. "ಇನ್ನೊಂದು ಕಲ್ಲು ಹೊರಿಸು."