ಎಂಟು ಚೀಲದ ಐಸ್ ಹಾಕಿ ತಂಡ

ಹಾವೇರಿ ಜಿಲ್ಲೆಯ ಕಿರಿಯರ ಐಸ್ ಹಾಕಿ ತಂಡದ ಇತಿಹಾಸ ಒಟ್ಟು ಆರು ವರ್ಷದ್ದು. ಆ ಆರು ವರ್ಷದಲ್ಲಿ ಐಸ್ ಇದ್ದದ್ದು ತೊಂಬತ್ತೊಂಬತ್ತು ನಿಮಿಷ. ಅದರಲ್ಲಿ ನಮ್ಮ ಗೋಲ್‌ಕೀಪರ್ ಸಾನಿಯಾಳ ಪಾಲಿಗೆ ಬಂದದ್ದು ಒಂಬತ್ತು. ಉಳಿದ ತೊಂಬತ್ತು ನಿಮಿಷ ಅವಳಿಗೆ ಸಿಗದ ಹಾಗೆ ಮಾಡಿದವನು ನಾನು, ತಂಡದ ಕೋಚ್ ವೀರೇಂದ್ರ. ಊರು ರಾಣೆಬೆನ್ನೂರು, ಕೆಲಸ ಒಂದು ಖಾಸಗಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ, ಅದೂ ತಾತ್ಪೂರ್ತಿಕ.

ತಂಡಕ್ಕೆ ಹೆಸರಿನಿಂದಲೇ ತ್ರಾಸು ಶುರುವಾಯಿತು. ಹಾವೇರಿಯ ಕಚೇರಿಯಲ್ಲಿ ನೋಂದಣಿಗೆ ಅರ್ಜಿ ಕೊಟ್ಟಾಗ ಗುಮಾಸ್ತರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಓದಿದರು.

"ಐಸ್ ಹಾಕಿ... ಐಸ್ ಹಾಕಿ ಏನ ಮಾಡ್ತೀರಿ ಮಾಸ್ತರ? ಕಬ್ಬಿನ ಹಾಲೋ, ಸೋಡಾನೋ?"

"ಆಟರೀ ಅದು."

"ನೆಲಕ್ಕ ಐಸ್ ಹಾಕಿ ಆಡಿದ್ರ ಹುಡುಗರು ಜಾರತಾವಲ್ರಿ."

"ಜಾರಲಿ ಅಂತನ ಹಾಕೋದ್ರಿ."

ಅವರು ನನ್ನನ್ನು ಒಮ್ಮೆ ನೋಡಿ, ಇಂಥವನ ಜೊತೆ ವಾದ ಬೇಡವೆಂದು ಠಸ್ಸೆ ಒತ್ತಿದರು. ಆ ಮೂಗು, ಆ ಕನ್ನಡಕ, ಆ ದನಿ ಮೂರನ್ನೂ ಕದ್ದುಕೊಂಡು ಬಂದು ನಾನು ಹುಡುಗರ ಮುಂದೆ ಎಷ್ಟು ಸಲ ಮಾಡಿ ತೋರಿಸಿದ್ದೇನೋ ಲೆಕ್ಕವಿಲ್ಲ. ಸೋತು ಸುಣ್ಣವಾದ ದಿನ ಅವರೇ ಕೇಳುತ್ತಿದ್ದರು: "ಸರ, ಸೋಡಾ ಸಾಹೇಬ್ರನ್ನ ಮಾಡ್ರಿ."

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಚಕ್ರದ ಸ್ಕೇಟಿಂಗ್ ಕಲಿತಿದ್ದ ಹನ್ನೊಂದು ಮಕ್ಕಳನ್ನು ಕೂಡಿಸಿದೆ. ಐಸ್ ಎಲ್ಲಿಂದ ತರಲಿ? ಬ್ಯಾಡಗಿಯ ವ್ಯಾಪಾರಿ ಪ್ರಭುಲಿಂಗಪ್ಪನವರ ಅಂಗಡಿಯ ಹಿಂದೆ ಮೆಣಸಿನಕಾಯಿ ಒಣಗಿಸುವ ಸಿಮೆಂಟ್ ಕಣವಿತ್ತು. ಅದೇ ನಮ್ಮ ಹಿಮಾಲಯ.

"ಐತವಾರ ಆಡ್ರಿ ಮಾಸ್ತರ," ಎಂದಿದ್ದರು ಅವರು. "ಆದ್ರ ಒಂದ ಕಾಯಿ ತುಳದ್ರೂ ನಿಮ್ಮನ್ನ ಒಣಗಿಸಿ ಚೀಲಾ ತುಂಬತೇನಿ."

ಈ ಆಟದಲ್ಲಿ ಚೆಂಡಿಲ್ಲ, ಪಕ್ ಎಂಬ ರಬ್ಬರಿನ ಬಿಲ್ಲೆ. ನಾವು ಟ್ರ್ಯಾಕ್ಟರ್ ಟೈರು ಕೊಯ್ದು ಮಾಡಿಕೊಂಡೆವು. ಪ್ರಭುಲಿಂಗಪ್ಪನವರ ತಕ್ಕಡಿಯಲ್ಲಿಟ್ಟು, ತೂಕ ಸರಿಬರುವ ತನಕ ಅರದಿಂದ ಉಜ್ಜಿದೆವು. ಗೋಲ್‌ಕೀಪರಿನ ಕಾಲಿನ ದಿಂಬುಗಳನ್ನು ರಾಣೆಬೆನ್ನೂರಿನ ಸೋಫಾ ಹೊಲಿಯುವವನೊಬ್ಬ ಹೊಲಿದುಕೊಟ್ಟ. ಉತ್ತರದಲ್ಲಿ ನಡೆಯುವ ದೇಶಮಟ್ಟದ ಕಿರಿಯರ ಆಟದ ಹಂಗಾಮೂ ಮೆಣಸಿನಕಾಯಿಯ ಹಂಗಾಮೂ ಒಂದೇ ಸಲ, ಜನವರಿಗೆ ಬರುತ್ತಿದ್ದವು. ಉಳಿದ ರಾಜ್ಯದವರು ಬಿಳಿ ನೆಲದ ಮೇಲೆ ಬೆವರು ಸುರಿಸುವಾಗ ನಾವು ಕೆಂಪು ರಾಶಿಗಳ ನಡುವಿನ ಸಂದಿಯಲ್ಲಿ ತಿರುಗುತ್ತಿದ್ದೆವು. ಎರಡು ವರ್ಷ ಕೊರೊನಾದಿಂದ ಹೋಗಲಾಗಲಿಲ್ಲ. ಒಂದು ವರ್ಷ ಅರ್ಜಿ ತಡವಾಯಿತು. ಒಂದು ವರ್ಷ ಆರು ಮಕ್ಕಳಿಗೆ ಪರೀಕ್ಷೆ. ಇನ್ನೊಂದು ವರ್ಷ ಆಟವಿದ್ದ ಊರಲ್ಲೇ ಐಸ್ ಕಟ್ಟಲಿಲ್ಲ.

ಇಷ್ಟೆಲ್ಲ ಆದರೂ ಒಂದು ಐತವಾರವನ್ನೂ ತಪ್ಪಿಸದವಳು ಸಾನಿಯಾ. ಹನ್ನೊಂದು ವರ್ಷದವಳಾಗಿ ಬಂದವಳಿಗೆ ಈಗ ಹದಿನೇಳು. ಅವಳ ತಾಯಿ ಅಮೀರಬಿ ಅದೇ ಓಣಿಯ ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವರು. ರಜೆಯಲ್ಲಿ ಮಗಳೂ ಪಕ್ಕದಲ್ಲಿ ಕೂಡುತ್ತಿದ್ದಳು. ಸಾನಿಯಾಳ ವಿಶೇಷವೆಂದರೆ ಮುಖದ ಮೇಲೆ ಪಕ್ ಬಂದರೂ ಕಣ್ಣು ಮಿಟುಕಿಸುತ್ತಿರಲಿಲ್ಲ. ಕಿರಿಯರ ವಯಸ್ಸಿನ ಮಿತಿಯಲ್ಲಿ ಅವಳಿಗೆ ಈ ಜನವರಿಯೇ ಕೊನೆ. ಆಟ ನೋಡಿ ಇಬ್ಬರು ಗೋಲ್‌ಕೀಪರುಗಳನ್ನು ಜೂನ್ ತಿಂಗಳ ಶಿಬಿರಕ್ಕೆ ಆರಿಸುತ್ತಾರೆ, ಅಲ್ಲಿ ಊಟ, ವಸತಿ, ಓದು ಎಲ್ಲ ಅವರದೇ ಎಂದು ಸುತ್ತೋಲೆಯಲ್ಲಿತ್ತು. ಸಾನಿಯಾ ಅದನ್ನು ಬಾಯಿಪಾಠ ಮಾಡಿದ್ದಳು.

"ಇಬ್ಬರನ್ನ ತಗೋತಾರಂತ್ರಿ ಸರ. ಒಬ್ಬಾಕಿ ನಾ. ಇನ್ನೊಬ್ಬರು ಯಾರರ ಆಗ್ಲಿ, ನನಗೇನ ಹೊಟ್ಟಿಕಿಚ್ಚಿಲ್ಲ."

ಈ ಸಲ ಎಲ್ಲ ಕೂಡಿಬಂತು. ರೈಲಿನ ಟಿಕೆಟ್ಟೂ ಸಿಕ್ಕಿತು. ದಿಂಬು, ಹೆಲ್ಮೆಟ್, ಕೈಗವಸು ತುಂಬಲು ದೊಡ್ಡ ಬ್ಯಾಗುಗಳು ಮಾತ್ರ ಇರಲಿಲ್ಲ. ಹೊರಡುವ ಹಿಂದಿನ ದಿನ ಅಮೀರಬಿ ತಲೆಯ ಮೇಲೆ ಎಂಟು ಗೋಣಿಚೀಲ ಹೊತ್ತು ಬಂದರು.

"ಚಲೋತ್ನ್ಯಾಗ ಝಾಡಿಸೇನ್ರಿ ಸರ."

"ಖಾರ ಗೀರ ಉಳಿದೀತ ನೋಡ್ರಿ ಅಕ್ಕಾರ."

ಅವರು ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು. "ಬ್ಯಾಡಗಿ ಕಾಯಿಗೆ ಖಾರ ಎಲ್ಲೈತ್ರಿ ಸರ? ಬರೇ ಬಣ್ಣ."

ನಾನೂ ನಕ್ಕೆ. ಈ ಸೀಮೆಯಲ್ಲಿ ಹುಟ್ಟಿದ ಯಾರಿಗೆ ಅದು ಗೊತ್ತಿಲ್ಲ? ನಮ್ಮ ಕಾಯಿ ಹೆಸರಾದದ್ದೇ ಅದರ ಬಣ್ಣದಿಂದ. ಗೊತ್ತಿದ್ದೂ ನಾವಿಬ್ಬರೂ ಮರೆತದ್ದೆಂದರೆ, ಬ್ಯಾಡಗಿಯ ಪೇಟೆಗೆ ಬರುವುದೆಲ್ಲ ಬ್ಯಾಡಗಿ ಕಾಯಿಯಲ್ಲ. ಆಂಧ್ರದ ಕಡೆಯಿಂದ ಲಾರಿಗಟ್ಟಲೆ ಖಾರದ ಕಾಯಿಯೂ ಬರುತ್ತದೆ. ಆ ಎಂಟು ಚೀಲ ಆ ಲಾರಿಯವು.

ರೈಲಿನಲ್ಲಿ ಎದುರು ಸೀಟಿನವರು ಒಂದೇ ಸಮ ಸೀನಿದರು. ನಮ್ಮ ಹುಡುಗರು "ಏನ್ ಸೀನ್ ಲೇ!" ಎಂದು ಬಿದ್ದು ಬಿದ್ದು ನಕ್ಕರು. ನಮ್ಮ ಮೂಗುಗಳು ಘಾಟಿನಲ್ಲೇ ಬೆಳೆದವು, ಅವು ಏನನ್ನೂ ಹೇಳಲಿಲ್ಲ.

ಉತ್ತರದ ಆ ಊರಲ್ಲಿ ಛಾವಣಿಯ ಕೆಳಗೆ ಯಂತ್ರದಿಂದ ಕಟ್ಟಿದ ಐಸ್. ಸಾನಿಯಾ ಮೊದಲು ಕೈಗವಸು ತೆಗೆದು ಅಂಗೈ ಊರಿದಳು. ಎದ್ದು ಗೋಲಿನ ಮುಂದೆ ನಿಂತಳು.

ಎದುರಾಳಿಗಳು ಹುಟ್ಟಿದಾಗಿನಿಂದ ಐಸಿನ ಮೇಲೆ ಇದ್ದವರ ಹಾಗೆ ಬಂದರು. ನಮ್ಮ ಕ್ಯಾಪ್ಟನ್, ಹಲಗೇರಿಯ ಮೈಲೇಶ, ಆಡಿದ್ದಕ್ಕಿಂತ ಬಿದ್ದದ್ದೇ ಹೆಚ್ಚು. ಆದರೆ ಒಂಬತ್ತು ನಿಮಿಷದಲ್ಲಿ ಬಂದ ಹದಿನಾಲ್ಕು ಹೊಡೆತಗಳಲ್ಲಿ ಹದಿಮೂರನ್ನು ಸಾನಿಯಾ ತಡೆದಳು. ಆರನೆಯ ನಿಮಿಷಕ್ಕೆ, ಆರಿಸಲು ಬಂದಿದ್ದ ಹಿರಿಯರೊಬ್ಬರು ನನ್ನ ಬಳಿ ಬಂದು, ಒಂದನೇ ನಂಬರಿನ ಹುಡುಗಿ ಯಾರು ಎಂದು ಕೇಳಿ ಹೆಸರು ಬರೆದುಕೊಂಡರು. ನನ್ನ ಆರು ವರ್ಷದ ಸಂಬಳ ಅದೇ ಅನ್ನಿಸಿತು.

ಅವಳು ಬಗ್ಗಿದಾಗ, ಬಿದ್ದಾಗ, ದಿಂಬುಗಳಿಂದ ಕೆಂಪು ಪುಡಿ ಉದುರುತ್ತಿತ್ತು. ದೂರದಿಂದ ರಕ್ತದ ಹಾಗೆ ಕಾಣುತ್ತಿತ್ತು. ಹೆಲ್ಮೆಟ್ಟಿನೊಳಗಿನ ಬೆವರು ಖಾರ ಕರಗಿಸಿಕೊಂಡು ಅವಳ ಕಣ್ಣಿಗೆ ಇಳಿಯುತ್ತಿತ್ತು ಎಂಬುದು ನನಗೆ ಆಮೇಲೆ ಗೊತ್ತಾಯಿತು. ಕೊನೆಯ ಐದು ಹೊಡೆತಗಳನ್ನು ಅವಳು ಸಪ್ಪಳ ಕೇಳಿ ತಡೆದಿದ್ದಳು. ಒಂಬತ್ತನೆಯ ನಿಮಿಷಕ್ಕೆ ಎದುರು ತಂಡದ ಹುಡುಗನೊಬ್ಬ ಗೋಲಿನ ಮುಂದೆ ಮುಖ ಅಡಿಯಾಗಿ ಬಿದ್ದ. ಎದ್ದವನೇ "ಆಂಖ್! ಆಂಖ್!" ಎಂದು ಕಣ್ಣುಜ್ಜಿಕೊಂಡು ಕಿರುಚಿದ. ರೆಫ್ರಿ ಬಂದು ಬೆರಳಿನಿಂದ ಕೆಂಪನ್ನು ಮುಟ್ಟಿ, ಅದೇ ಬೆರಳಿನಿಂದ ಮೂಗು ಉಜ್ಜಿಕೊಂಡರು. ಆಮೇಲೆ ಸೀಟಿ ಊದಲು ಅವರಿಗೆ ಉಸಿರೇ ಇರಲಿಲ್ಲ.

ಆಟ ಅಲ್ಲಿಗೇ ನಿಂತಿತು. ಗೆಲುವು ಅವರಿಗೆ. ಕೋಣೆಯಲ್ಲಿ ಶಿಸ್ತಿನ ಅಧಿಕಾರಿ ಗಂಟಲು ಕೆರೆದು ಕೇಳಿದರು: "ಮಾಸ್ಟರ್‌ಜೀ, ಮಿರ್ಚಿ ಲೇಕೇ ಖೇಲ್ತೇ ಹೋ?"

ನಾನು ಹಿಂದಿಯಲ್ಲಿ ಬ್ಯಾಡಗಿ ಕಾಯಿಯ ಬಣ್ಣವನ್ನೂ ಅದರ ಸೌಮ್ಯ ಸ್ವಭಾವವನ್ನೂ ವಿವರಿಸಿದೆ. ಅವರ ಕಣ್ಣಿಂದ ನೀರು ಸುರಿಯುತ್ತಿತ್ತು. ನನ್ನ ವಾದಕ್ಕೆ ಕರಗಿದ್ದಲ್ಲ.

ಅವರು ಒಂದು ಹಾಳೆ ಮುಂದೆ ಚಾಚಿದರು. ಬೇಕೆಂದೇ ಮಾಡಿದ್ದಲ್ಲ ಎಂದು ಒಪ್ಪುತ್ತೇನೆ, ಆದರೆ ಯಾರಾದರೂ ಒಬ್ಬರು ಹೊಣೆ ಹೊರಬೇಕು ಎಂದರು. ಹೆಸರು ಬರೆದರೆ ಆ ಒಬ್ಬರಿಗೆ ಎರಡು ವರ್ಷ ನಿಷೇಧ, ತಂಡ ಉಳಿದೆರಡು ಆಟ ಆಡಬಹುದು. ಬರೆಯದಿದ್ದರೆ ಎಲ್ಲರೂ ಮನೆಗೆ. ಹತ್ತು ನಿಮಿಷ ಸಮಯ ಕೊಟ್ಟು ಹೊರಗೆ ಹೋದರು.

ಫೆಬ್ರವರಿಯಲ್ಲಿ ನನಗೊಂದು ಕಾಯಂ ಹುದ್ದೆಯ ಸಂದರ್ಶನವಿತ್ತು. ಎಂಟು ವರ್ಷದ ತಾತ್ಪೂರ್ತಿಕದ ನಂತರ ಬಂದ ಮೊದಲ ಸಂದರ್ಶನ. ನಿಷೇಧಕ್ಕೊಳಗಾದ ದೈಹಿಕ ಶಿಕ್ಷಕನನ್ನು ಯಾರು ತೆಗೆದುಕೊಳ್ಳುತ್ತಾರೆ? ಪೆನ್ನು ಹಿಡಿದು ಕೂತೆ.

ಸಾನಿಯಾ ಕಣ್ಣು ತೊಳೆದುಕೊಂಡು ಬಂದಳು. ರೆಪ್ಪೆಗಳು ಬಾತಿದ್ದವು. ಮೇಜಿನ ಮೇಲಿನ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಪೂರ್ತಿ ಓದಿದಳು.

"ಸರ, ನಿಮ್ಮ ಹೆಸರು ಬರೀಬ್ಯಾಡ್ರಿ. ನಿಮ್ಮ ಇಂಟರ್ವ್ಯೂ ಐತಿ."

"ಹಂಗಾದ್ರ ಯಾರದವಾ?"

"ನಂದ ಬರೀರಿ. ಚೀಲ ನಾನ ತುಂಬೇನಿ ಅಂತ. ಅಮ್ಮಾ ಕೊಟ್ಟಿದ್ದು ಅಂತ ಮಾತ್ರ ಯಾರ ಮುಂದೂ ಅನಬ್ಯಾಡ್ರಿ, ಆಕಿ ಎದಿ ಒಡಕೋತಾಳ." ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ಇಲ್ನೋಡ್ರಿ, ಅಪೀಲ್ ಐತಿ. ಮೂವತ್ತ ದಿನದಾಗ ಕೋಚ್ ಕಾಗದ ಬರದ್ರ ನಿಷೇಧ ತಗೀತಾರಂತ. ಸಾಮಾನು ನೋಡ್ಕೊಳ್ಳೋದು ನಿಮ್ಮ ಕೆಲಸ ಇತ್ತು ಅಂತ ಬರದ್ರ ಸಾಕು. ಇಂಟರ್ವ್ಯೂ ಆದಮ್ಯಾಲೆ ಬರೀರಿ. ಶಿಬಿರ ಜೂನ್‌ದಾಗ ಐತಲ್ಲ."

ಗುಮಾಸ್ತರ ದನಿ, ವ್ಯಾಪಾರಿಯ ದನಿ, ರೈಲಿನಲ್ಲಿ ಚಹಾ ಮಾರುವವನ ದನಿ, ಎಲ್ಲ ನನ್ನ ಗಂಟಲಲ್ಲಿದ್ದವು. ಆಗ ಬೇಕಾಗಿದ್ದದ್ದು ನನ್ನದೇ ದನಿಯ ಒಂದು ಮಾತು: ಬ್ಯಾಡವಾ, ನನ್ನ ಹೆಸರನ್ನೇ ಬರೀತೇನಿ. ಅವಳು ಅದಕ್ಕಾಗಿ ಸ್ವಲ್ಪ ಹೊತ್ತು ಕಾದಳೆಂದು ನನಗೆ ಈಗಲೂ ಅನ್ನಿಸುತ್ತದೆ. ನಾನು ಅವಳ ಹೆಸರು ಬರೆದೆ. ಅಕ್ಷರ ದುಂಡಗೆ ಬಂದವು.

ಉಳಿದೆರಡು ಆಟಗಳಲ್ಲಿ ತೊಳೆದ ದಿಂಬು ಕಟ್ಟಿಕೊಂಡು ಮೈಲೇಶ ಗೋಲಿನಲ್ಲಿ ನಿಂತ. ಹದಿನೇಳು ಸೊನ್ನೆ, ಹನ್ನೆರಡು ಸೊನ್ನೆ. ಸಾನಿಯಾ ಗಾಜಿನ ಹೊರಗೆ ನಿಂತು "ಎಡಕ್ಕ! ಎಡಕ್ಕ ಬಾ ಮೈಲೇಶ!" ಎಂದು ಕೂಗುತ್ತಿದ್ದಳು. ಗಾಜು ದಪ್ಪವಿತ್ತು, ಅವನಿಗೆ ಕೇಳಿಸಲಿಲ್ಲ.

ಬ್ಯಾಡಗಿ ಸ್ಟೇಷನ್ನಿನಲ್ಲಿ ಅಮೀರಬಿ ಕಾಯುತ್ತಿದ್ದರು. ಕಣ್ಣಿಗೆ ಅಲ್ಲಿಯ ಥಂಡಿ ಆಗಿಬರಲಿಲ್ಲ ಎಂದು ಮಗಳು ಫೋನಿನಲ್ಲಿ ಹೇಳಿದ್ದಳಂತೆ. ಅವರು ನನ್ನ ಕೈಗೆ ರೊಟ್ಟಿಯ ಗಂಟು ಕೊಟ್ಟು, "ನಿಮ್ಮಿಂದ ಹುಡುಗಿ ಅಷ್ಟು ದೂರ ಹೋಗಿ ನಿಂತು ಬಂತ್ರಿ ಸರ," ಎಂದರು.

ಸಂದರ್ಶನ ಆ ಮೂವತ್ತು ದಿನಗಳಲ್ಲಿ ಇಪ್ಪತ್ತಾರನೆಯ ದಿನ. ಖೋಖೋ ಅಂಗಳದ ಅಳತೆ ಕೇಳಿದರು. ಐಸ್ ಹಾಕಿ ಎಂದಾಗ ಒಬ್ಬರು ನಕ್ಕರು, ಇನ್ನೊಬ್ಬರು ಗಡಿಯಾರ ನೋಡಿದರು. ನಾಲ್ಕು ನಿಮಿಷಕ್ಕೆ ಹೊರಗಿದ್ದೆ. ನಿಷೇಧ, ಹೊಣೆ, ವಿಚಾರಣೆ ಯಾವುದೂ ಅವರಿಗೆ ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ಇಪ್ಪತ್ತೇಳನೆಯ ದಿನ ಕಾಗದ ಬರೆಯಲು ಕೂತೆ. "ಸದರಿ ಸಾಮಗ್ರಿಗಳ ಹೊಣೆ ನನ್ನದು" ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಫಲಿತಾಂಶ ಬರಲಿ, ಆಮೇಲೆ ಕಳಿಸಿದರಾಯಿತು. ಇಪ್ಪತ್ತೆಂಟು ಹೋಯಿತು. ಇಪ್ಪತ್ತೊಂಬತ್ತು, ಮೂವತ್ತು. ಮೂವತ್ತೊಂದನೆಯ ದಿನ ಕಾಗದ ಮುಗಿಸಿದೆ; ಅದು ಈಗಲೂ ನನ್ನ ಚೀಲದಲ್ಲೇ ಇದೆ. ಫಲಿತಾಂಶ ಇನ್ನೂ ಬಂದಿಲ್ಲ.

ತಂಡ ಈಗ ಇಲ್ಲ. ಮೈಲೇಶ ಟ್ರ್ಯಾಕ್ಟರ್ ಷೋರೂಮಿನಲ್ಲಿದ್ದಾನೆ, ಉಳಿದವರ ಮನೆಯವರು ಸಾಕು ಎಂದರು. ಐತವಾರ ಕಣಕ್ಕೆ ಬರುವವರು ನಾನು ಮತ್ತು ಸಾನಿಯಾ ಇಬ್ಬರೇ. ಏಪ್ರಿಲ್ ಬಿಸಿಲಿಗೆ ಸಿಮೆಂಟು ಕಾದಿರುತ್ತದೆ. ಅವಳು ದಿಂಬು ಕಟ್ಟಿ, ಹೆಲ್ಮೆಟ್ ಹಾಕಿಕೊಂಡು ನಿಲ್ಲುತ್ತಾಳೆ.

"ಜವಾಬು ಬಂತೇನ್ರಿ ಸರ?" ಕಳೆದ ವಾರ ಮತ್ತೆ ಕೇಳಿದಳು. "ಕಾಗದಾ ಮುಟ್ಟೈತಿಲ್ಲೋ?"

"ಮುಟ್ಟೈತಿ. ನಿನ್ನೆ ಫೋನ್ ಮಾಡಿದ್ರವಾ."

"ಯಾರು, ಆ ಶಿಸ್ತಿನ ಸಾಹೇಬ್ರು? ಏನಂದ್ರು?"

ನಾನು ಗಂಟಲು ಕೆರೆದುಕೊಂಡೆ. ಅವರ ಆ ಕಟ್ಟಿದ ಮೂಗಿನ ದನಿ, ಮಾತಿನ ನಡುವೆ ನಿಲ್ಲಿಸಿ ಉಸಿರೆಳೆಯುವ ರೀತಿ, ಎಲ್ಲ ತಂತಾನೇ ಬಂತು: "ಹಾಂ ಮಾಸ್ಟರ್‌ಜೀ... ಬಚ್ಚೀ ಅಚ್ಛೀ ಹೈ... ದೇಖ್ ರಹೇ ಹೈಂ... ಜೂನ್ ಸೇ ಪಹಲೇ ಬತಾಯೇಂಗೇ."

ಹೆಲ್ಮೆಟ್ಟಿನ ಸರಳುಗಳ ಹಿಂದೆ ಅವಳು ಬಾಯಿ ತೆರೆದು ನಕ್ಕಳು. "ಥೇಟ್ ಅವ್ರ ರೀ ಸರ! ಖರೇನ ಹಂಗ ಅಂದ್ರಾ, ಜೂನ್‌ಕಿಂತ ಮೊದಲ ಹೇಳ್ತೀವಿ ಅಂತ?"

"ಖರೇನ."

"ಜೂನ್‌ಗೆ ಇನ್ನ ಎಷ್ಟ ವಾರ ಅದಾವ?" ಬೆರಳು ಮಡಚಿ ತಾನೇ ಎಣಿಸಿಕೊಂಡಳು. ಮೊಣಕಾಲು ಬಗ್ಗಿಸಿ ತಯಾರಾದಳು. "ಎಡಗಡೆ ಇನ್ನೂ ಬಿಗಿ ಆಗಬೇಕ್ರಿ. ಹೊಡೀರಿ. ಜೋರ ಹೊಡೀರಿ, ಕರುಣಾ ತೋರಸಬ್ಯಾಡ್ರಿ."

ನಾನು ಜೋರಾಗಿ ಹೊಡೆದೆ. ಅವಳು ತಡೆದಳು, ಪಕ್ಕನ್ನು ನನ್ನ ಕಡೆಗೆ ಉರುಳಿಸಿ ಇನ್ನೊಂದು ಕೇಳಿದಳು.