ಧನಂಜಯರ ನೀಲಿ ಮರ

ಕಾಮಾಕ್ಷಿ ಕತ್ತರಿ ಹಿಡಿದು ಹಿತ್ತಲಿಗೆ ನುಗ್ಗಿದರು. ಒಳಗೆ ನಡುಮನೆಯಲ್ಲಿ ಗಂಡನ ಶವಪೆಟ್ಟಿಗೆಯ ಸುತ್ತ, ಹೊರದೇಶದ ಈ ರಿಕ್ಕರ್ಟನ್ ಬಡಾವಣೆಯ ಕನ್ನಡಿಗರಲ್ಲಿ ಅರ್ಧ ಜನ ನೆರೆದಿದ್ದರು. ಹೆಣದ ಗಾಡಿ ಆಗಲೇ ಗೇಟಿನ ಮುಂದೆ ನಿಂತಿತ್ತು.

"ಅಮ್ಮಾ, ವಾಟ್ ಆರ್ ಯು ಡೂಯಿಂಗ್? ಎಲ್ಲಾ ಕಾಯ್ತಿದಾರೆ," ಎನ್ನುತ್ತ ಮಗಳು ನಿಧಿ ಹಿಂದೆಯೇ ಓಡಿಬಂದಳು.

"ಕಾಯ್ಲಿ. ಆ ದರಿದ್ರ ಮರದ್ದು ಒಂದು ಕೊಂಬೆ ಕುಯ್ದು ಅವರ ಜೊತೆಗೇ ಕಳಿಸ್ತೀನಿ. ಇಷ್ಟು ವರ್ಷ ನನ್ನ ತಲೆ ತಿಂದ್ರಲ್ಲ!"

ಗಂಡ ಸತ್ತ ಮೂರನೆಯ ದಿನವೂ ಕಾಮಾಕ್ಷಿಗೆ ಅಳುವಿಗಿಂತ ಸಿಟ್ಟೇ ಮುಂದಾಗಿ ಬರುತ್ತಿತ್ತು.

*

ಮೈಸೂರಿನ ಧನಂಜಯ ಇಲ್ಲಿನ ಕಂಪನಿಯೊಂದರಲ್ಲಿ ಪಂಪುಗಳ ನಕ್ಷೆ ಬರೆದೂ ಬರೆದೂ ನಿವೃತ್ತರಾದವರು. ಅವರ ಬಗ್ಗೆ ಯಾರೂ ಎರಡು ಮಾತು ಆಡಿದ್ದಿಲ್ಲ, ಆಡುವಂಥದ್ದು ಇರಲೂ ಇಲ್ಲ. ತಮಗಾಗಿ ಅವರು ಆಸೆಪಟ್ಟಿದ್ದು ಒಂದೇ: ನರ್ಸರಿಯಲ್ಲಿ ಕಂಡ ನೀಲಿ ಸೂಜಿಯೆಲೆಯ ಫರ್ ಮರ ತಮ್ಮ ಹಿತ್ತಲಲ್ಲೂ ಬೆಳೆಯಬೇಕು.

ತಂದು ನೆಟ್ಟರು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅದು ಹಸಿರಾಯಿತು. ನರ್ಸರಿಯವನ ಜೊತೆ ಜಗಳವಾಡಿ ಬೇರೆಯದನ್ನು ತಂದರು. ಅದೂ ಹಸಿರಾಯಿತು.

"ಮೋಸ ಕಣೇ! ಬಣ್ಣ ಹಚ್ಚಿ ಮಾರ್ತಾನೆ," ಎಂದು ಊಟಕ್ಕೆ ಕೂತಾಗಲೂ ಅದೇ ರಾಗ.

"ಮರ ಹಸಿರಾಗಿರ್ದೆ ಇನ್ನೇನ್ರೀ ಆಗಿರತ್ತೆ? ಸುಮ್ನೆ ಊಟ ಮಾಡಿ."

ಆರೈಕೆಯಲ್ಲಿ ಮಾತ್ರ ಅವರನ್ನು ಬೆರಳೆತ್ತಿ ತೋರಿಸುವಂತಿರಲಿಲ್ಲ. ಊರಲ್ಲಿ ಅವರಮ್ಮ ದಾಸವಾಳಕ್ಕೆ ಮಾಡುತ್ತಿದ್ದಂತೆ ಪ್ರತಿ ಭಾನುವಾರ ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ, ಹುಳ ಬಾರದಿರಲೆಂದು ಮರದ ಮೈತುಂಬ ಸಿಂಪಡಿಸುವರು. ಧೂಳು ಕಂಡಲ್ಲಿ ಬಟ್ಟೆಯಿಂದ ಒರೆಸುವರು. ಮಗಳನ್ನೂ ಹಾಗೆಯೇ ಬೆಳೆಸಿದ್ದರು. ಹೈಸ್ಕೂಲು ಮುಗಿಯುವ ತನಕ ಅವಳ ಪೆನ್ಸಿಲನ್ನು ತಾವೇ ಹೆರೆದು ಕೊಟ್ಟವರು.

ಈ ಚಳಿಗಾಲ ಆಸ್ಪತ್ರೆ ಸೇರಿದ ಮೇಲೆ ಮಲಗಿದಲ್ಲಿಂದಲೇ ಕೇಳುವರು, "ಮರಕ್ಕೆ ಎಣ್ಣೆ ಹೊಡೆದ್ಯಾ?"

"ಹೊಡ್ದೆ ಹೊಡ್ದೆ," ಎಂದು ಕಾಮಾಕ್ಷಿ ಸುಳ್ಳು ಹೇಳುವರು. ಆ ಮರದ ಕಡೆ ಅವರು ತಿರುಗಿಯೂ ನೋಡಿರಲಿಲ್ಲ.

*

ಈಗ ಮರದ ಮುಂದೆ ನಿಂತೇಬಿಟ್ಟರು. ಹಳೆಯ ಎಲೆಗಳೆಲ್ಲ ಹಸಿರೇ. ಆದರೆ ಈ ವಸಂತದಲ್ಲಿ ಒಡೆದ ಚಿಗುರು ಒಂದೊಂದು ಕೊಂಬೆಯ ತುದಿಯಲ್ಲೂ ನೀಲಿಯಾಗಿತ್ತು.

"ಓ ಮೈ ಗಾಡ್. ಇಟ್ಸ್ ಬ್ಲೂ," ಎಂದಳು ನಿಧಿ.

ಕಾಮಾಕ್ಷಿ ಒಂದು ತುದಿ ಕತ್ತರಿಸಿ ಹೆಬ್ಬೆರಳಿನಿಂದ ಸವರಿದರು. ನೀಲಿ ಸಣ್ಣ ಪುಡಿಯಾಗಿ ಬೆರಳಿಗೆ ಬಂತು. ಅಡಿಯಲ್ಲಿ ಹಸಿರು.

"ಒರಸಿದ್ರೆ ಹೋಗತ್ತೆ ಕಣೇ!" ಅವರ ದನಿ ಕೀರಲಾಯಿತು. "ವಾರ ವಾರ ಎಣ್ಣೆ ಸೋಪು ಹೊಡೆದು ಇವರೇ ತೊಳೆದು ಹಾಕಿದಾರೆ. ಇವರೇ!"

"ಹೀ ನೆವರ್ ಲೆಫ್ಟ್ ಎನಿಥಿಂಗ್ ಅಲೋನ್," ಎಂದ ನಿಧಿಗೆ ಅಳು ಬಂತು.

"ಹೋದ ವಾರಾನೂ ಕೇಳಿದ್ರಲ್ಲೇ. ನಾನು ಒಂದೇ ಒಂದು ಸಲ ಇಲ್ಲಿ ಬಂದು ನೋಡಿದ್ದಿದ್ರೆ, ನೀಲಿ ಬಂದಿದೆ ಅಂತ ಹೋಗಿ ಹೇಳ್ಬಹುದಿತ್ತು."

ಸವರಿದ ತುದಿಯನ್ನು ಬಿಸಾಡಿ ಇನ್ನೊಂದನ್ನು ಕತ್ತರಿಸಿದರು. ಅದರ ಕಡ್ಡಿಯನ್ನಷ್ಟೇ ಎರಡು ಬೆರಳಲ್ಲಿ ಹಿಡಿದು ಒಳಗೆ ತಂದು ಗಂಡನ ಎದೆಯ ಮೇಲಿಟ್ಟರು.

ಪುರೋಹಿತರು ಸಿಗದೆ ಶಾಸ್ತ್ರ ಮಾಡಿಸಲು ನಿಂತಿದ್ದ ಗೆಳೆಯ ಪದ್ಮನಾಭ ತುಪ್ಪದ ಬಟ್ಟಲು ಎತ್ತಿಕೊಂಡರು.

"ಅದರ ಮೇಲೆ ಜಿಡ್ಡು ಬೀಳ್ಬಾರ್ದು!" ಕಾಮಾಕ್ಷಿ ಕೂಗಿಯೇಬಿಟ್ಟರು.

"ಶಾಸ್ತ್ರ ಅತ್ತಿಗೆ, ಎರಡೇ ಹನಿ..."

"ಬಾಯಿಗೆ ಬಿಡಿ. ಅದನ್ನ ಮಾತ್ರ ಯಾರೂ ಮುಟ್ಬೇಡಿ."

ಜನ ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ ಕೈಮುಗಿದರು. ಕಾಮಾಕ್ಷಿ ಬಾಗಿ, ಎರಡೂ ಅಂಗೈಗಳನ್ನು ಆ ಚಿಗುರಿಗೆ ತಾಗದಂತೆ ಮೇಲೆ ಚಾವಣಿ ಮಾಡಿ ಹಿಡಿದಿದ್ದರು. ಅಕ್ಕಿಯೆಲ್ಲ ಅವರ ಕೈಗಳ ಮೇಲೆ ಬೀಳುತ್ತಿತ್ತು. ಮುಚ್ಚಳ ಹೊತ್ತು ತಂದ ಇಬ್ಬರು ಅವರು ಕೈ ತೆಗೆಯಲೆಂದು ಕಾದು ನಿಂತರು.