ಒಂದೇ ಮುಖದ ಎರಡು ಖಾತೆ

ಸೈಕಲ್ ರಿಪೇರಿ ಮಾಡುವ ಪುಟ್ಟಿಗೆ ಐವತ್ತೆರಡು ತುಂಬಿತ್ತು. ಆದರೂ ಅವಳನ್ನು ಯಾರೂ ಬೇರೆ ಹೆಸರಿನಿಂದ ಕರೆದವರಿಲ್ಲ. ಶಾಲೆಗೆ ಹೋಗುವ ಮಕ್ಕಳು ಮಾತ್ರ ಕೊಂಚ ಮರ್ಯಾದೆ ಸೇರಿಸಿ 'ಪುಟ್ಟಿ ಆಂಟಿ' ಎನ್ನುತ್ತಿದ್ದರು. ಎರಡು ರಸ್ತೆ ಕೂಡುವ ಮೂಲೆಯಲ್ಲಿ ಅವಳ ಅಂಗಡಿ. ಒಳಗೆ ನಾಲ್ಕು ಜನ ನಿಂತರೆ ಐದನೆಯವರು ರಸ್ತೆಯಲ್ಲಿ ನಿಲ್ಲಬೇಕು. ಗೋಡೆ ತುಂಬ ಟೈರುಗಳು, ಮೊಳೆಗೆ ನೇತುಹಾಕಿದ ಚೈನುಗಳು, ನೆಲದ ಮೇಲೆ ಪಂಕ್ಚರ್ ನೋಡುವ ನೀರಿನ ಬಾಣಲೆ. ಚಕ್ರವನ್ನು ಒಮ್ಮೆ ತಿರುಗಿಸಿ ಕಿವಿಗೊಟ್ಟರೆ ಸಾಕು, ಯಾವ ಕಡ್ಡಿ ಸಡಿಲವಾಗಿದೆ ಎಂದು ಹೇಳಿಬಿಡುತ್ತಿದ್ದಳು.

ಆ ವರ್ಷ ಅವಳಿಗೆ ದೊಡ್ಡ ಕೆಲಸವೊಂದು ತಾನಾಗಿ ಹುಡುಕಿಕೊಂಡು ಬಂತು. ಮನೆಮನೆಗೆ ಔಷಧಿ ಮುಟ್ಟಿಸುವ ಸಂಸ್ಥೆಯೊಂದು ತನ್ನ ಮೂವತ್ತೆರಡು ಸೈಕಲ್ಲುಗಳ ಉಸ್ತುವಾರಿಯನ್ನು ಅವಳಿಗೆ ಒಪ್ಪಿಸಲು ಮುಂದಾಯಿತು. ಷರತ್ತು ಒಂದೇ. ಆ ಸಂಸ್ಥೆ ವ್ಯವಹಾರ ಇಟ್ಟುಕೊಂಡಿದ್ದ ಬ್ಯಾಂಕಿನಲ್ಲೇ ಅವಳ ಖಾತೆಯೂ ಇರಬೇಕು. ಅದು ಶಾಖೆಯೇ ಇಲ್ಲದ ಬ್ಯಾಂಕು. ಬಾಗಿಲಿಲ್ಲ, ಕೌಂಟರಿಲ್ಲ, ದಾರಕ್ಕೆ ಕಟ್ಟಿದ ಪೆನ್ನಿಲ್ಲ, ಇರುವುದೆಲ್ಲ ಫೋನಿನೊಳಗೆ.

"ಹತ್ತು ನಿಮಿಷದ ಕೆಲಸ. ಶುಕ್ರವಾರದೊಳಗೆ ಮುಗಿಸಿಬಿಡಿ," ಎಂದಿದ್ದರು ಸಂಸ್ಥೆಯ ವ್ಯವಸ್ಥಾಪಕರು.

ಸೋಮವಾರ ಮಧ್ಯಾಹ್ನ ಪುಟ್ಟಿ ಸೋಪಿನ ಪುಡಿ ಹಾಕಿ ಮೊಣಕೈವರೆಗೂ ತೊಳೆದುಕೊಂಡು, ಸ್ಟೂಲಿನ ಮೇಲೆ ಕೂತು ಫೋನು ತೆರೆದಳು. ಗುರುತಿನ ಚೀಟಿಯ ಫೋಟೋ ಕೇಳಿತು, ಕೊಟ್ಟಳು. ಒಂದು ಮೂಲೆ ಕಾಣುತ್ತಿಲ್ಲ ಎಂದಿತು, ಮತ್ತೆ ಕೊಟ್ಟಳು. ಹೊಳಪು ಜಾಸ್ತಿಯಾಯಿತು ಎಂದಿತು, ಚೀಟಿಯನ್ನು ಹಳೆಯ ಟ್ಯೂಬಿನ ಮೇಲಿಟ್ಟು ತೆಗೆದಳು. ಆಮೇಲೆ ಪರದೆಯಲ್ಲಿ ಮೊಟ್ಟೆಯ ಆಕಾರದ ಗೆರೆಯೊಂದು ಮೂಡಿ, ಮುಖವನ್ನು ಅದರೊಳಗೆ ಇಡಿ ಎಂದಿತು. ಎಡಕ್ಕೆ ತಿರುಗಿ. ಬಲಕ್ಕೆ ತಿರುಗಿ. ಕಣ್ಣು ಮುಚ್ಚಿ ತೆರೆಯಿರಿ. ಈಗ ನಗಿ.

ಗಾಳಿ ತುಂಬಿಸಲು ಬಂದಿದ್ದ ಅಂಚೆಯವನು ಕೇಳಿದ, "ಏನು ಪುಟ್ಟಿ, ಯಾರಿಗೆ ಅಷ್ಟೊಂದು ನಗು?"

"ಬ್ಯಾಂಕಿಗೆ," ಎಂದಳು ತುಟಿ ಅಲುಗಿಸದೆ.

ಬ್ಯಾಂಕಿಗೆ ಆ ನಗು ಹಿಡಿಸಲಿಲ್ಲ. 'ನಿಮ್ಮ ಗುರುತನ್ನು ದೃಢಪಡಿಸಲು ಆಗಲಿಲ್ಲ' ಎಂದು ಕೆಂಪಕ್ಷರ ಬಂತು. ಬೆಳಕು ಸಾಲದೇನೋ ಎಂದು ರಸ್ತೆಗೆ ಬಂದು ನಕ್ಕಳು. ಬಿಸಿಲು ಜಾಸ್ತಿಯೇನೋ ಎಂದು ಮರದ ನೆರಳಲ್ಲಿ ನಕ್ಕಳು. ಮಂಗಳವಾರ ಬೆಳಿಗ್ಗೆ ತಲೆ ಬಾಚಿ, ಒಳ್ಳೆಯ ಬಟ್ಟೆ ಹಾಕಿಕೊಂಡು ಮನೆಯ ಗೋಡೆಗೆ ಬೆನ್ನು ಕೊಟ್ಟು ನಕ್ಕಳು. ನಾಲ್ಕು ಸಲ ಆದ ಮೇಲೆ ಫೋನು ಇನ್ನು ಪ್ರಯತ್ನಿಸುವಂತಿಲ್ಲ ಎಂದು ಕೈ ತೊಳೆದುಕೊಂಡಿತು.

"ಮುಖ ನೋಡಿ ಮಣೆ ಹಾಕ್ತಾರೆ ಅಂತ ಕೇಳಿದ್ದೆ. ಇವರು ಮುಖ ನೋಡಿ ಮಣೆ ಕಿತ್ಕೊಳ್ತಾರೆ," ಎಂದು ಗೊಣಗಿಕೊಂಡು ಪುಟ್ಟಿ ಸಹಾಯವಾಣಿಗೆ ಫೋನು ಹಚ್ಚಿದಳು. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಂದು ಹೆಣ್ಣು ದನಿ ಸಿಕ್ಕಿತು.

"ಮೇಡಂ, ನಿಮ್ಮ ಚೀಟಿ ಸರಿಯಾಗಿದೆ. ವಿಳಾಸಾನೂ ಸರಿಯಾಗಿದೆ. ತೊಂದರೆ ಇರೋದು ಮುಖದಲ್ಲಿ."

"ಯಾಕೆ, ಮುಖಕ್ಕೇನಾಗಿದೆ?"

"ಈ ಮುಖಕ್ಕೆ ನಮ್ಮಲ್ಲಿ ಆಗಲೇ ಒಂದು ಖಾತೆ ಇದೆ ಮೇಡಂ. ಬೇರೆ ಹೆಸರಲ್ಲಿ. ಒಬ್ಬರೇ ಎರಡು ಹೆಸರಲ್ಲಿ ಖಾತೆ ತೆರೆದ್ರೆ ನಮ್ಮ ವ್ಯವಸ್ಥೆ ಅದನ್ನ ಮೋಸ ಅಂತ ತಗೊಳ್ಳುತ್ತೆ."

ಪುಟ್ಟಿಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು.

"ಆ ಇನ್ನೊಂದು ಹೆಸರು ಯಾವುದು?"

"ಅದನ್ನ ಹೇಳೋ ಹಾಗಿಲ್ಲ."

"ಹೇಳ್ಬೇಡಿ ಬಿಡಿ. ನನಗೆ ಗೊತ್ತು. ಅವಳು ನನ್ನಕ್ಕ."

"ಅವಳಿ ಜವಳಿನಾ ಮೇಡಂ?"

"ಹೂಂ. ಹನ್ನೊಂದು ನಿಮಿಷಕ್ಕೆ ದೊಡ್ಡವಳು."

"ಹಾಗಾದ್ರೆ ತುಂಬ ಸುಲಭ," ಎಂದು ಆ ದನಿ ಗೆಲುವಾಯಿತು. "ಗುರುವಾರ ಹನ್ನೊಂದು ಗಂಟೆಗೆ ನಮ್ಮ ಅಧಿಕಾರಿ ವಿಡಿಯೋದಲ್ಲಿ ಮಾತಾಡ್ತಾರೆ. ನೀವು ನಿಮ್ಮಕ್ಕ ಇಬ್ರೂ ಒಂದೇ ಫೋನಿನ ಮುಂದೆ ಕೂತ್ಕೊಳ್ಳಿ. ನೀವು ಒಬ್ಬರಲ್ಲ, ಇಬ್ಬರು ಅಂತ ಅವರು ನೋಡಿದ್ರೆ ಮುಗೀತು."

ಪುಟ್ಟಿ ಫೋನು ಕೆಳಗಿಟ್ಟು, ಬಾಣಲೆಯ ನೀರನ್ನೇ ನೋಡುತ್ತ ಕೂತಳು. ಆ ಹುಡುಗಿಗೇನು ಗೊತ್ತು. ಅಕ್ಕನೊಂದಿಗೆ ಅವಳು ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು.

ಚಿಕ್ಕವರಿದ್ದಾಗ ಅವರಿಬ್ಬರನ್ನು ಬಿಡಿಸುವುದೇ ಕಷ್ಟವಾಗಿತ್ತು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇದ್ದರು. ಅಕ್ಕನಿಗೆ ಸೂಜಿ ಕಂಡರೆ ಭಯವೆಂದು, ಶಾಲೆಯಲ್ಲಿ ಅವಳ ಪಾಲಿನ ಚುಚ್ಚುಮದ್ದನ್ನೂ ಪುಟ್ಟಿಯೇ ಹಾಕಿಸಿಕೊಂಡು ಮೂರು ದಿನ ಎರಡೂ ತೋಳು ಎತ್ತಲಾಗದೆ ಓಡಾಡಿದ್ದಳು. ಸೂಜಿಗೆ ಹೆದರುತ್ತಿದ್ದ ಅದೇ ಅಕ್ಕ ಮುಂದೆ ಟೈಲರ್ ಆದಳು. ಪುಟ್ಟಿಯ ಅಂಗಡಿಯಿಂದ ಎರಡು ರಸ್ತೆಯಾಚೆ ಅವಳ ಅಂಗಡಿ.

ಮಾತು ನಿಂತದ್ದು ಅಮ್ಮ ಹೋದ ದಿನ. ಅಮ್ಮ ಆಸ್ಪತ್ರೆಯಲ್ಲಿದ್ದಳು, ಕಣ್ಣು ಮಂಜಾಗಿತ್ತು. ಬೆಳಗಿನಿಂದ "ದೊಡ್ಡವಳು ಬಂದ್ಲಾ" ಎಂದು ಗಳಿಗೆಗೊಮ್ಮೆ ಕೇಳುತ್ತಿದ್ದಳು. ಅಕ್ಕ ಹತ್ತಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಅಮ್ಮನ ಕಾತರ ನೋಡಲಾರದೆ ಪುಟ್ಟಿ ಅವಳ ಕೈ ಹಿಡಿದು, "ಬಂದಿದೀನಮ್ಮ, ನಾನೇ ದೊಡ್ಡವಳು," ಎಂದುಬಿಟ್ಟಳು. ಸ್ವಲ್ಪ ಹೊತ್ತಿಗೆ ಅಮ್ಮ ಕಣ್ಣು ಮುಚ್ಚಿದಳು. ಅರ್ಧ ಗಂಟೆ ತಡವಾಗಿ ಓಡಿಬಂದ ಅಕ್ಕನಿಗೆ ಪಕ್ಕದ ಹಾಸಿಗೆಯ ಕಡೆಯವರು ಸಮಾಧಾನ ಹೇಳಲು ಹೋಗಿ, "ದೊಡ್ಡ ಮಗಳು ಬಂದ್ಲು ಅಂದ್ಕೊಂಡು ನೆಮ್ಮದಿಯಾಗಿ ಹೋದ್ರು," ಎಂದರು. ಅಕ್ಕ ಪುಟ್ಟಿ ಚಾಚಿದ ನೀರಿನ ಲೋಟವನ್ನು ಪಕ್ಕಕ್ಕೆ ತಳ್ಳಿ, "ನನ್ನ ಮುಖ ಇಟ್ಕೊಂಡು ನನ್ನ ಅಮ್ಮನ್ನೂ ತಗೊಂಡ್ಯಲ್ಲ," ಎಂದಳು. ಅದೇ ಕೊನೆಯ ಮಾತು. ಪುಟ್ಟಿ ಎರಡು ಸಲ ಹೇಳಲು ಹೋದಳು, ಅಕ್ಕ ಮುಖ ಕೊಡಲಿಲ್ಲ. ಮೂರನೆಯ ಸಲ ಪುಟ್ಟಿಗೇ ಸಿಟ್ಟು ಬಂತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಸುಮ್ಮನಾದಳು.

ಇಬ್ಬರ ನಡುವೆ ಈಗ ಓಡಾಡುತ್ತಿದ್ದವಳು ಅಕ್ಕನ ಮಗಳು ಒಬ್ಬಳೇ. ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಸಂಜೆ ಸೈಕಲ್ಲಿನ ಬ್ರೇಕು ಬಿಗಿ ಮಾಡಿಸಲು ಬಂದವಳು ಚಿಕ್ಕಮ್ಮನ ಮುಖ ನೋಡಿ ವಿಷಯ ಬಿಡಿಸಿಕೊಂಡಳು.

"ಆ ಖಾತೆ ಮಾಡಿಕೊಟ್ಟಿದ್ದು ನಾನೇ ಚಿಕ್ಕಮ್ಮ, ಹೋದ ವರ್ಷ. ಅಮ್ಮ ಪರದೆ ಹೊಲಿದು ಆನ್‌ಲೈನ್‌ನಲ್ಲಿ ಮಾರೋಕೆ ಶುರು ಮಾಡಿದ್ಲಲ್ಲ, ಆಗ."

"ಹಾಗಾದ್ರೆ ಈ ಮುಖ ಅವಳಿಗೇ ಇರಲಿ. ಕೆಲಸ ಬಿಟ್ಟುಬಿಡ್ತೀನಿ."

"ಮೂವತ್ತೆರಡು ಸೈಕಲ್ಲು ಬಿಡ್ತೀಯಾ?"

ಪುಟ್ಟಿ ಬ್ರೇಕಿನ ತಂತಿ ಎಳೆದಳು. ಅದು ಬೇಕಾದ್ದಕ್ಕಿಂತ ಬಿಗಿಯಾಯಿತು.

ಹುಡುಗಿ ತನ್ನ ಅಮ್ಮನ ಬಳಿ ಹೋದಳು. ಅಮ್ಮ ಹೊಲಿಗೆ ಯಂತ್ರ ನಿಲ್ಲಿಸದೆ ಎಲ್ಲವನ್ನೂ ಕೇಳಿ, "ಬೇಕಿದ್ರೆ ಅವಳೇ ಇಲ್ಲಿಗೆ ಬರಲಿ," ಎಂದಳು. ಪುಟ್ಟಿ, "ಖಾತೆ ನನಗೆ ಬೇಕು ನಿಜ, ಆದ್ರೆ ದೊಡ್ಡವಳು ಅನ್ನಿಸಿಕೊಂಡೋಳು ಅವಳಲ್ವಾ, ಅವಳೇ ಬರಲಿ," ಎಂದಳು. ಬುಧವಾರ ಇಡೀ ದಿನ ಹುಡುಗಿ ಎರಡು ರಸ್ತೆ ಸುತ್ತಿ ಸುತ್ತಿ, ಕೊನೆಗೆ ಕಡ್ಡಿ ಮುರಿದಂತೆ ಹೇಳಿದಳು: ನಾಳೆ ಹನ್ನೊಂದಕ್ಕೆ ಇಬ್ಬರೂ ನನ್ನ ಅಂಗಡಿಗೆ ಬನ್ನಿ, ಬಾರದಿದ್ದರೆ ಇನ್ನು ಮೇಲೆ ನಾನೂ ಇಬ್ಬರ ಹತ್ತಿರವೂ ಮಾತಾಡುವುದಿಲ್ಲ.

ಗುರುವಾರ ಹನ್ನೊಂದಕ್ಕೆ ಐದು ನಿಮಿಷ ಮೊದಲು ಪುಟ್ಟಿ ಕನ್ನಡಕದ ಅಂಗಡಿಯ ಹಿಂದಿನ ಕೋಣೆಗೆ ಬಂದಳು. ಕಣ್ಣು ಪರೀಕ್ಷೆಯ ಅಕ್ಷರಗಳ ಹಲಗೆ, ಎರಡು ಕುರ್ಚಿ, ಒಂದು ಮೇಜು. ಒಂದು ಕುರ್ಚಿಯಲ್ಲಿ ಅಕ್ಕ ಆಗಲೇ ಕೂತಿದ್ದಳು, ತುರುಬು ಕಟ್ಟಿ, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಅವಳು ಹಲಗೆಯ ಅಕ್ಷರ ಓದುತ್ತಿರುವಂತೆ ಕೂತೇ ಇದ್ದಳು. ಪುಟ್ಟಿ ಇನ್ನೊಂದು ಕುರ್ಚಿಯನ್ನು ಒಂದು ಮೊಳ ದೂರ ಎಳೆದುಕೊಂಡು ಕೂತಳು.

ಮೇಜಿನ ಮೇಲೆ ನಿಲ್ಲಿಸಿದ್ದ ಫೋನಿನಲ್ಲಿ ಬ್ಯಾಂಕಿನ ಅಧಿಕಾರಿ ಕಾಣಿಸಿಕೊಂಡರು. ನಡುವಯಸ್ಸಿನವರು, ನೆಗಡಿಯಾಗಿತ್ತು, ಗಳಿಗೆಗೊಮ್ಮೆ ಕರವಸ್ತ್ರ ಹುಡುಕುತ್ತಿದ್ದರು.

"ನಮಸ್ಕಾರ. ಇಬ್ಬರೂ ಕನ್ನಡಕ ತೆಗೀಬೇಕು. ಕೂದಲು ಕಿವಿ ಹಿಂದಕ್ಕೆ. ಇಬ್ಬರ ಮುಖಾನೂ ಆ ಗೆರೆಯೊಳಗೆ ಬರಬೇಕು."

ಆ ಮೊಟ್ಟೆಯಾಕಾರದ ಗೆರೆ ಒಬ್ಬರಿಗೆಂದೇ ಮಾಡಿದ್ದು. ಅಕ್ಕ ಸ್ವಲ್ಪ ಈಚೆ ಬಂದಳು, ಪುಟ್ಟಿ ಸ್ವಲ್ಪ ಆಚೆ ಹೋದಳು. "ಇನ್ನೂ ಹತ್ತಿರ," ಎಂದರು ಅಧಿಕಾರಿ. ಕುರ್ಚಿಗಳು ತಾಗಿದವು. "ಇನ್ನೂ ಸ್ವಲ್ಪ." ಭುಜ ತಾಗಿತು. "ಕಿವಿ ಹೊರಗಿದೆ ಮೇಡಂ." ಕೊನೆಗೆ ಕೆನ್ನೆಗೆ ಕೆನ್ನೆ ಒತ್ತಿಕೊಂಡು, ನೆಟ್ಟಗೆ ಮುಂದೆ ನೋಡುತ್ತ, ಇಬ್ಬರೂ ಉಸಿರು ಬಿಗಿಹಿಡಿದು ಕೂತರು. ಬಾಗಿಲಲ್ಲಿ ನಿಂತಿದ್ದ ಹುಡುಗಿ ನಗು ತಡೆಯಲು ಕನ್ನಡಕ ಒರೆಸುವ ಬಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದಳು.

"ಇವರು ನಿಮಗೆ ಏನಾಗಬೇಕು?" ಎಂದು ಅಧಿಕಾರಿ ಅಕ್ಕನನ್ನು ಕೇಳಿದರು.

"ತಂಗಿ."

"ಸರಿ. ಈಗ ಒಬ್ಬರನ್ನೊಬ್ಬರು ನೋಡಿ ಒಂದೆರಡು ಮಾತಾಡಿ."

"ಯಾಕೆ?" ಎಂದರು ಇಬ್ಬರೂ ಒಟ್ಟಿಗೆ.

"ಪಕ್ಕದಲ್ಲಿ ಫೋಟೋ ಹಿಡ್ಕೊಂಡು ಕೂರೋರೂ ಇರ್ತಾರೆ ಮೇಡಂ. ಎರಡು ಬಾಯಿ ಬೇರೆ ಬೇರೆ ಆಡೋದು ನಾನು ಕಣ್ಣಾರೆ ನೋಡಿ ಬರ್ಕೊಳ್ಳಬೇಕು. ನಿಯಮ."

"ಏನು ಮಾತಾಡೋದು?"

"ಏನಾದ್ರೂ. ಊಟ ಆಯ್ತಾ, ಹೇಗಿದೀರಾ. ಮನೇಲಿ ಮಾತಾಡೋ ಹಾಗೆ."

ಅಕ್ಕ ತಿರುಗಿದಳು. ಪುಟ್ಟಿಯೂ ತಿರುಗಿದಳು. ನಾಲ್ಕು ವರ್ಷದಲ್ಲಿ ಅಕ್ಕನ ಹುಬ್ಬಿನ ಅಂಚು ಬೆಳ್ಳಗಾಗಿತ್ತು. ತನ್ನ ಹುಬ್ಬೂ ಅಷ್ಟೇ ಬೆಳ್ಳಗಾಗಿದೆ ಎಂಬುದು ಪುಟ್ಟಿಗೆ ಆಗ ಹೊಳೆಯಿತು. ಅಧಿಕಾರಿ ಮೂಗು ಒರೆಸಿಕೊಂಡು ಕಾದರು.

"ಅಮ್ಮ ಅವತ್ತು ಏನಂದ್ಲು?" ಎಂದು ಅಕ್ಕ ಥಟ್ಟನೆ ಕೇಳಿದಳು. "ನೀನು ನಾನೇ ಅಂತ ಹೇಳಿದ ಮೇಲೆ. ಏನಂದ್ಲು?"

ಪುಟ್ಟಿ ಫೋನಿನತ್ತ ಒಮ್ಮೆ ನೋಡಿ, ಮತ್ತೆ ಅಕ್ಕನತ್ತ ತಿರುಗಿದಳು. "ನಂಬಲಿಲ್ಲ ಅವಳು. ನನ್ನ ಕೈ ಮೂಸಿ ನೋಡಿದ್ಲು. 'ಗ್ರೀಸ್ ವಾಸನೆ ಹೊಡೀತಿದೆ ಪುಟ್ಟಿ, ಹೆತ್ತವಳನ್ನೇ ಏಮಾರಿಸ್ತೀಯಾ' ಅಂದ್ಲು. ನಗ್ತಾನೇ ಅಂದ್ಲು."

ಅಕ್ಕ ರೆಪ್ಪೆ ಬಡಿಯದೆ ನೋಡುತ್ತಿದ್ದಳು.

"ಆಮೇಲೆ?"

"'ಅವಳು ಓಡೋಡ್ಕೊಂಡು ಬರ್ತಾಳೆ, ಬಂದ ತಕ್ಷಣ ಮೊದಲು ನೀರು ಕೊಡು' ಅಂದ್ಲು. ಅಷ್ಟೇ. ನಾನು ಕೊಟ್ಟೆ. ನೀನು ಲೋಟ ತಳ್ಳಿದೆ."

ಅಕ್ಕನ ಮುಖ ಮೊದಲು ಬಿಗಿಯಾಯಿತು, ಆಮೇಲೆ ಸಡಿಲವಾಯಿತು. ಕಣ್ಣೀರು ಇಳಿಯುತ್ತಿದ್ದರೂ ಅವಳ ದನಿ ಜೋರಾಗಿಯೇ ಇತ್ತು. "ಇದನ್ನ ಹೇಳೋಕೆ ನಿನಗೆ ನಾಲ್ಕು ವರ್ಷ ಬೇಕಾಯ್ತಾ?"

"ಹೇಳೋಕೆ ಬಂದಾಗ ನೀನು ಬಾಗಿಲು ಹಾಕ್ಕೊಂಡೆ."

"ಬಾಗಿಲು ಬಡೀಬೇಕಿತ್ತು."

"ಬಡಿದೆ ಕಣಕ್ಕ. ನೀನು ಹೊಲಿಗೆ ಯಂತ್ರ ಜೋರಾಗಿ ತುಳಿದೆ."

"ತುಳಿದ್ರೆ ಏನು, ಕಿವುಡಿನಾ ನಾನು? ಇನ್ನೊಂದು ಸಲ ಬಡಿದಿದ್ರೆ ತೆಗೀತಿದ್ದೆ."

"ಮೇಡಂ," ಎಂದರು ಅಧಿಕಾರಿ.

"ಒಂದು ನಿಮಿಷ ಇರಿ ಸಾರ್," ಎಂದರು ಇಬ್ಬರೂ. ಆ ಒಂದು ನಿಮಿಷ ಆರು ನಿಮಿಷವಾಯಿತು. ಅಧಿಕಾರಿ ಎರಡು ಸಲ ಕರವಸ್ತ್ರ ಬಳಸಿದರು, ಎರಡನೆಯ ಸಲ ಮೂಗಿಗಲ್ಲ. ಕೊನೆಗೆ ಕೆಮ್ಮಿ, "ಇಬ್ಬರೂ ಬೇರೆ ಬೇರೆ ವ್ಯಕ್ತಿಗಳು, ಅನುಮಾನವೇ ಇಲ್ಲ ಅಂತ ಬರ್ಕೊಂಡಿದೀನಿ. ಖಾತೆ ಸಂಜೆಯೊಳಗೆ ಆಗುತ್ತೆ," ಎಂದು ಹೇಳಿ ಮರೆಯಾದರು.

ಹುಡುಗಿ ಎರಡು ಲೋಟ ನೀರು ತಂದು ಮೇಜಿನ ಮೇಲಿಟ್ಟಳು. ಅಕ್ಕ ತನ್ನದನ್ನು ಒಂದೇ ಉಸಿರಿಗೆ ಕುಡಿದಳು.

ಸಂಜೆ ಪುಟ್ಟಿಯ ಖಾತೆ ತೆರೆಯಿತು. ಅದೇ ಗಳಿಗೆಗೆ ಅಕ್ಕನ ಖಾತೆ ಮುಚ್ಚಿಕೊಂಡಿತು. 'ಈ ಮುಖ ಇನ್ನೊಬ್ಬರಿಗೆ ಸೇರಿದೆ, ಪರಿಶೀಲನೆಯಲ್ಲಿದೆ' ಎಂಬ ಸಂದೇಶ ಹಿಡಿದುಕೊಂಡು ಅಕ್ಕ ದಾಪುಗಾಲು ಹಾಕುತ್ತ ಎರಡು ರಸ್ತೆ ದಾಟಿ ಸೈಕಲ್ ಅಂಗಡಿಗೆ ಬಂದಳು. ನಾಲ್ಕು ವರ್ಷದಲ್ಲಿ ಅವಳು ಆ ಹೊಸಿಲು ತುಳಿದದ್ದು ಅದೇ ಮೊದಲು.

"ನೋಡು, ನಿನಗೆ ಬಾಗಿಲು ತೆಗೆಸೋಕೆ ಹೋಗಿ ನನಗೆ ಬೀಗ ಬಿತ್ತು."

ಪುಟ್ಟಿ ಸಂದೇಶ ಓದಿದಳು. ನಗಬಾರದೆಂದು ಸ್ಪ್ಯಾನರ್ ಹುಡುಕುವವಳಂತೆ ಬಗ್ಗಿದಳು. ಬಗ್ಗಿದವಳು ಅಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಸ್ವಲ್ಪ ಹೊತ್ತು ಹುಬ್ಬು ಗಂಟಿಕ್ಕಿ ನಿಂತಿದ್ದ ಅಕ್ಕನೂ ಸ್ಟೂಲಿನ ಮೇಲೆ ಕುಸಿದಳು. ರಸ್ತೆಯಲ್ಲಿ ಹೋಗುತ್ತಿದ್ದ ಅಂಚೆಯವನು ಸೈಕಲ್ ನಿಲ್ಲಿಸಿ, ಒಳಗೆ ಇಬ್ಬರು ಪುಟ್ಟಿಯರನ್ನು ಕಂಡು, ಏನೂ ಕೇಳದೆ ಮುಂದೆ ಹೋದ.

ಶನಿವಾರ ಮತ್ತೆ ಅದೇ ಕೋಣೆ, ಅದೇ ಅಧಿಕಾರಿ. ಅವರ ನೆಗಡಿ ಬಿಟ್ಟಿತ್ತು. "ಇವತ್ತು ನೀವು ಮಾತಾಡಬೇಕಾಗಿಲ್ಲ ಮೇಡಂ, ಸುಮ್ನೆ ಕೂತ್ರೆ ಸಾಕು," ಎಂದು ಅವರು ಮೊದಲೇ ಎಚ್ಚರಿಸಿದರು. ಅದು ಆಗುವ ಮಾತಾಗಿರಲಿಲ್ಲ. ಯಾರ ಕಿವಿ ಗೆರೆಯಿಂದ ಹೊರಗಿದೆ ಎಂಬುದರ ಮೇಲೆಯೇ ಇಬ್ಬರೂ ಶುರುಮಾಡಿದ್ದರು. ಹೇಗೋ ಬೀಗ ತೆರೆಯಿತು.

ಮುಂದಿನ ವಾರ ಮೂವತ್ತೆರಡು ಸೈಕಲ್ಲುಗಳು ಬಂದವು. ಅಂಗಡಿಯೊಳಗೆ ಹಿಡಿಸದೆ ಗೋಡೆಯುದ್ದಕ್ಕೂ ಸಾಲಾಗಿ ನಿಂತವು. ಚೈನು ತುಕ್ಕು ಹಿಡಿದಿತ್ತು, ಬ್ರೇಕು ಸವೆದಿತ್ತು. ಅದೆಲ್ಲ ಪುಟ್ಟಿಯ ಪಾಲಿನ ಕೆಲಸ. ಮಧ್ಯಾಹ್ನ ಬಂದ ಅಕ್ಕ ಒಂದೊಂದೇ ಸೈಕಲ್ಲಿನ ಸೀಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತ ಸಾಲಿನ ತುದಿಯವರೆಗೆ ಹೋದಳು. ಹೊದಿಕೆ ಹರಿದು, ಒಳಗಿನ ಸ್ಪಂಜು ಕಿತ್ತು ಬಂದಿತ್ತು.

"ದಿನಾ ಇದರ ಮೇಲೆ ಕೂರೋರ ಗತಿ ಏನೇ?"

"ಸೀಟಿನ ಮಾತು ಒಪ್ಪಂದದಲ್ಲಿಲ್ಲ ಅಕ್ಕ."

"ಒಪ್ಪಂದ ಕಟ್ಕೊಂಡು ಏನು ಮಾಡ್ತೀಯ. ದಪ್ಪ ಬಟ್ಟೆ ಉಳಿದಿದೆ ನನ್ನ ಹತ್ರ, ಪರದೆಗೆ ತಂದಿದ್ದು. ಹೂವಿನ ಚಿತ್ತಾರ ಇದೆ, ಪರವಾಗಿಲ್ಲ ತಾನೇ?"

"ಔಷಧಿ ಕೊಡೋಕೆ ಹೋಗೋ ಗಂಡಸರು ಹೂವಿನ ಮೇಲೆ ಕೂರ್ತಾರಾ?"

"ಕೂತು ನೋಡಲಿ, ಆಮೇಲೆ ಏಳೋದೇ ಇಲ್ಲ," ಎಂದು ಅಕ್ಕ ಕೊರಳಿನ ಟೇಪನ್ನು ತೆಗೆದು, ಒಂದು ತುದಿಯನ್ನು ತಂಗಿಯ ಕೈಗೆ ಕೊಟ್ಟು, ಮೊದಲನೆಯ ಸೀಟಿನ ಅಳತೆ ಹಿಡಿದಳು.